ರೋಷಕ್ಕಿಂತ ಲೆಕ್ಕ ಮುಖ್ಯ: ವೀಲ್‌ಚೇರ್ ರಗ್ಬಿ ಆಟಗಾರರ ಮನಸ್ಸು

2016ರ ರಿಯೊ ಪ್ಯಾರಾಲಿಂಪಿಕ್ಸ್ ಫೈನಲ್‌ನಲ್ಲಿ ಆಸ್ಟ್ರೇಲಿಯಾ ಅಮೆರಿಕವನ್ನು ಮಣಿಸಿದ್ದು 59–58ರಿಂದ, ಅದೂ ಎರಡು ಹೆಚ್ಚುವರಿ ಅವಧಿ ಆಡಿದ ಮೇಲೆ. ಗಾಲಿಕುರ್ಚಿಯಲ್ಲಿ ಕೂತು, ಚೆಂಡನ್ನು ಎದುರಾಳಿಯ ಗೋಲು ಗೆರೆ ದಾಟಿಸುವ ಆಟವಿದು. ಮೇಲ್ಮಟ್ಟದ ವೀಲ್‌ಚೇರ್ ರಗ್ಬಿಯಲ್ಲಿ ಚೆಂಡು ಸಿಕ್ಕ ತಂಡ ಹೆಚ್ಚುಕಡಿಮೆ ಪ್ರತಿ ಸಲವೂ ಗೋಲು ಮಾಡುತ್ತದೆ. ಹಾಗಾಗಿ ಸೋಲು ಗೆಲುವು ತೀರ್ಮಾನವಾಗುವುದು ಕೈತಪ್ಪಿದ ಎರಡು ಮೂರು ಚೆಂಡುಗಳಲ್ಲಿ. ಈ ಆಟಗಾರರ ಮನಸ್ಸು ಹೇಗೆ ಪಳಗುತ್ತದೆ ಎಂದು ತಿಳಿಯಲು ‘ಛಲದಿಂದ ವಿಧಿಯನ್ನು ಗೆದ್ದವರು’ ಎಂಬ ಮಾಮೂಲಿ ಮಾತಿನಿಂದ ಏನೂ ಪ್ರಯೋಜನವಿಲ್ಲ. ಆಟದ ಲೆಕ್ಕದಿಂದಲೇ ಶುರುಮಾಡಬೇಕು.

ಪ್ರತಿ ಆಟಗಾರನಿಗೂ ಅವನ ದೇಹದ ಸಾಮರ್ಥ್ಯ ನೋಡಿ 0.5ರಿಂದ 3.5ರವರೆಗೆ ಅಂಕ ಕೊಟ್ಟಿರುತ್ತಾರೆ; ಸಾಮರ್ಥ್ಯ ಹೆಚ್ಚಿದಷ್ಟೂ ಅಂಕ ಹೆಚ್ಚು. ಅಂಗಳದಲ್ಲಿರುವ ನಾಲ್ವರ ಒಟ್ಟು ಅಂಕ 8 ಮೀರಬಾರದು. ಮಹಿಳೆಯರು ಆಡುತ್ತಿದ್ದರೆ ಈ ಮಿತಿ ತುಸು ಏರುತ್ತದೆ. 0.5 ಅಂಕದ ಆಟಗಾರ ಇಡೀ ಪಂದ್ಯದಲ್ಲಿ ಒಂದು ಗೋಲನ್ನೂ ಮಾಡದಿರಬಹುದು. ಅವನ ಕುರ್ಚಿಯ ಮುಂದೆ ಚಾಚಿಕೊಂಡ ಕಂಬಿ ಇರುತ್ತದೆ. ಎದುರಾಳಿಯ ಕುರ್ಚಿಗೆ ಅದನ್ನು ಸಿಕ್ಕಿಸಿ ನಿಲ್ಲಿಸುವುದೇ ಅವನ ಕಸುಬು. ಎರಡೂ ತಂಡಗಳು ತಲಾ 8 ಅಂಕದವು ಎಂದುಕೊಳ್ಳಿ. ಈ 0.5 ಆಟಗಾರ ಎದುರಿನ 3.5 ಆಟಗಾರನನ್ನು ಕಟ್ಟಿಹಾಕಿದರೆ ಉಳಿದ ಆಟ 7.5 ಅಂಕದ ಮೂವರಿಗೂ 4.5 ಅಂಕದ ಮೂವರಿಗೂ ನಡುವೆ. ಆ ಕೆಲವು ಸೆಕೆಂಡುಗಳಲ್ಲಿ ಅಂಗಳದ ಅತಿ ಮುಖ್ಯ ಆಟಗಾರ ಅವನೇ.

ಆದರೆ ಸ್ಕೋರ್ ಬೋರ್ಡಿನಲ್ಲಿ ಇದು ಕಾಣುವುದಿಲ್ಲ. ಕಡಿಮೆ ಅಂಕದ ಆಟಗಾರರ ಉತ್ಸಾಹ ಕುಗ್ಗುವುದು ಹೆಚ್ಚಾಗಿ ಇಲ್ಲಿಯೇ: ತಮ್ಮ ಸಾಧನೆಯನ್ನು ಅವರು ಗೋಲುಗಳಲ್ಲಿ ಅಳೆಯಲು ಹೋಗುತ್ತಾರೆ. ಡೆಸಿ ಮತ್ತು ರಯಾನ್ ಎಂಬ ಮನೋವಿಜ್ಞಾನಿಗಳ ಸಿದ್ಧಾಂತದ ಪ್ರಕಾರ, ಒಳಗಿನಿಂದ ಹುಟ್ಟುವ ಪ್ರೇರಣೆಗೆ ಮೂರು ಬೇಕು: ಆಯ್ಕೆ ನನ್ನದು ಎಂಬ ಭಾವ, ಕೆಲಸ ಕೈಗೆ ಹತ್ತಿದೆ ಎಂಬ ಅರಿವು, ಜೊತೆಗಾರರಿಗೆ ನಾನು ಬೇಕಾದವನು ಎಂಬ ನಂಟು. ಒಳ್ಳೆಯ ಕೋಚ್ ಪಂದ್ಯದ ವಿಡಿಯೊ ನೋಡಿ ಬೇರೆಯದೇ ಪಟ್ಟಿ ಬರೆಯುತ್ತಾನೆ. ಎಷ್ಟು ಸಲ ಅಡ್ಡಗಟ್ಟಿದ, ಪ್ರತಿ ಸಲ ಎಷ್ಟು ಸೆಕೆಂಡು ಹಿಡಿದ, ಯಾವ ಕೋನದಲ್ಲಿ ಹೋದಾಗ ಎದುರಾಳಿ ಜಾರಿದ. ಮುಂದಿನ ವಾರದ ಗುರಿ ಈ ಪಟ್ಟಿಯಿಂದ ಬರಬೇಕು, ಅದನ್ನು ಆಟಗಾರನೇ ಆರಿಸಬೇಕು.

ಈಗ ದೇಹದ ವಿಷಯ. ಎಲ್ಲರ ಅಂಗವೈಕಲ್ಯಕ್ಕೂ ಬೆನ್ನುಹುರಿಯ ಪೆಟ್ಟೇ ಕಾರಣವಲ್ಲ, ಆದರೆ ಕುತ್ತಿಗೆಯ ಮಟ್ಟದಲ್ಲಿ ಹುರಿಗೆ ಪೆಟ್ಟಾದವರು ಈ ಆಟದಲ್ಲಿ ಬಹಳ. ಹೃದಯವನ್ನು ಓಡಿಸುವ, ಬೆವರು ತರಿಸುವ ಸಿಂಪಥೆಟಿಕ್ ನರಗಳು ಹೊರಡುವುದು ಅದಕ್ಕಿಂತ ಕೆಳಗೆ, ಎದೆ ಮತ್ತು ಸೊಂಟದ ಮಟ್ಟದಲ್ಲಿ. ಮಿದುಳಿನ ಆದೇಶ ಅಲ್ಲಿಗೆ ತಲುಪದಿದ್ದರೆ ಎಷ್ಟೇ ದುಡಿದರೂ ಎದೆಬಡಿತ ನಿಮಿಷಕ್ಕೆ 100–130ರ ಸುಮಾರಿಗೆ ನಿಂತುಬಿಡುತ್ತದೆ. ಅಡ್ರಿನಲಿನ್ ಕೂಡ ಹೆಚ್ಚು ಉಕ್ಕುವುದಿಲ್ಲ. ಪಂದ್ಯಕ್ಕೆ ಮುಂಚೆ ಕೂಗಾಡಿ ರೊಚ್ಚಿಗೆಬ್ಬಿಸುವ ಕೋಚ್‌ಗೆ ಇಂಥ ಆಟಗಾರನಿಂದ ಬೇಕಾದ ಫಲ ಸಿಗದಿರುವುದಕ್ಕೆ ಇದೂ ಒಂದು ಕಾರಣ. ಹಾರ್ಟ್‌ರೇಟ್ ವಾಚು ಕೂಡ ದಾರಿ ತಪ್ಪಿಸುತ್ತದೆ. ಬದಲಿಗೆ ಅಭ್ಯಾಸ ಎಷ್ಟು ಕಷ್ಟವೆನಿಸಿತು ಎಂದು ಆಟಗಾರ 0ರಿಂದ 10ರೊಳಗೆ ಅಂಕ ಕೊಡುತ್ತಾನೆ, ಅದನ್ನು ನಿಮಿಷಗಳಿಂದ ಗುಣಿಸುತ್ತಾರೆ. 90 ನಿಮಿಷ, ಕಷ್ಟ 6 ಎಂದರೆ ಆ ದಿನದ ಹೊರೆ 540.

ಬೆವರದ ದೇಹ ಬೇಗ ಕಾಯುತ್ತದೆ, ಕಾದಂತೆ ತೀರ್ಮಾನಗಳು ಮಂದವಾಗುತ್ತವೆ. ಟೈಮ್‌ಔಟ್‌ನಲ್ಲಿ ಮುಖಕ್ಕೂ ತೋಳಿಗೂ ನೀರು ಸಿಂಪಡಿಸಿಕೊಳ್ಳುವುದು, ಬಿಡುವಿನಲ್ಲಿ ಐಸ್ ಜಾಕೆಟ್ ತೊಡುವುದು ಏಕಾಗ್ರತೆಯ ತರಬೇತಿಯ ಭಾಗವೇ ಎಂದು ತಿಳಿಯಬೇಕು.

ಏಕಾಗ್ರತೆಗೆ ದೊಡ್ಡ ಪರೀಕ್ಷೆ ಗಡಿಯಾರ. ಚೆಂಡು ಆಟಕ್ಕೆ ಬಂದಮೇಲೆ 12 ಸೆಕೆಂಡಿನೊಳಗೆ ಅರ್ಧ ಅಂಗಳ ದಾಟಬೇಕು, 40ರೊಳಗೆ ಗೋಲಾಗಬೇಕು, ಹಿಡಿದವನು 10 ಸೆಕೆಂಡಿಗೊಮ್ಮೆ ಪುಟಿಸಬೇಕು ಅಥವಾ ಪಾಸ್ ಮಾಡಬೇಕು. ಚೆಂಡು ಕಳೆದುಕೊಂಡವನು ಕೊರಗುತ್ತ ಕೂತರೆ ಎರಡೇ ಸೆಕೆಂಡಿನಲ್ಲಿ ಎದುರಾಳಿ ಕೈಗೆ ಸಿಗದಷ್ಟು ದೂರ. ಇದಕ್ಕೆ ಮೊದಲೇ ಕಟ್ಟಿಟ್ಟ ಕ್ರಮ ಬೇಕು: ‘ಚೆಂಡು ಹೋದರೆ ಮೊದಲು ಕುರ್ಚಿ ತಿರುಗಿಸುತ್ತೇನೆ, ಆಮೇಲೆ ನನ್ನ ಆಟಗಾರನ ನಂಬರ್ ಕೂಗುತ್ತೇನೆ’. ಹೀಗೆ ‘ಇದಾದರೆ ಇದು’ ಎಂದು ಮುಂಚೆಯೇ ಜೋಡಿಸಿಟ್ಟಾಗ ಆ ಕ್ಷಣದಲ್ಲಿ ಯೋಚಿಸುವ ಕೆಲಸ ಉಳಿಯುವುದಿಲ್ಲ. ಕೂಗುವ ಪದ ಒಂದೋ ಎರಡೋ ಅಕ್ಷರದ್ದಿರಲಿ. ಹೊಟ್ಟೆಯ ಸ್ನಾಯುಗಳು ಕೆಲಸ ಮಾಡದವರಿಗೆ ಜೋರಾಗಿ ಕೂಗುವಷ್ಟು ಉಸಿರಿನ ಒತ್ತಡ ಬರುವುದಿಲ್ಲ.

ಇದನ್ನು ಮನಸ್ಸಿನಲ್ಲೇ ಆಡಿ ಅಭ್ಯಾಸ ಮಾಡಬಹುದು. ಹಾಸಿಗೆಯಲ್ಲಿ ಕಣ್ಮುಚ್ಚಿ ಮಲಗಿ ಮಾಡಿದರೆ ಲಾಭ ಕಡಿಮೆ. ಆಟದ ಕುರ್ಚಿಯಲ್ಲೇ ಕೂತು, ಪಟ್ಟಿ ಬಿಗಿದು, ಗ್ಲೌಸ್ ತೊಟ್ಟು, ಸ್ಟಾಪ್‌ವಾಚ್ ಇಟ್ಟುಕೊಂಡು ನಿಜವಾದ ವೇಗದಲ್ಲಿ ಒಂದು ಪೂರ್ತಿ 40 ಸೆಕೆಂಡಿನ ಆಟ ನಡೆಸಬೇಕು. ಸುಂದರ ಗೋಲುಗಳನ್ನಷ್ಟೇ ಊಹಿಸಿಕೊಳ್ಳುವುದು ಸಾಮಾನ್ಯ ತಪ್ಪು. ಪಾಸ್ ತಪ್ಪಿದ ಮೇಲೆ ಏನು ಮಾಡುತ್ತೇನೆ ಎಂಬುದನ್ನೂ ಆಡಬೇಕು.

‘ನೋವು ನುಂಗಿ ಆಡು’ ಎಂಬ ಮಾತು ಈ ಕ್ರೀಡೆಯಲ್ಲಿ ನಿಜಕ್ಕೂ ಅಪಾಯಕಾರಿ. ಸ್ಪರ್ಶವಿಲ್ಲದ ಕಡೆ ಪಟ್ಟಿ ಬಿಗಿಯಾದರೂ ಮೂತ್ರಕೋಶ ತುಂಬಿದರೂ ನೋವು ತಿಳಿಯದು, ರಕ್ತದೊತ್ತಡ ಮಾತ್ರ ಹಠಾತ್ತನೆ ಜಿಗಿಯುತ್ತದೆ. ತಲೆ ಸಿಡಿತ, ಮುಖ ಕೆಂಪಾಗುವುದು, ಪೆಟ್ಟಿನ ಮಟ್ಟಕ್ಕಿಂತ ಮೇಲೆ ಬೆವರು ಇದರ ಸೂಚನೆಗಳು. ಚುರುಕು ಹೆಚ್ಚುತ್ತದೆಂದು ಕೆಲವರು ಬೇಕೆಂದೇ ಈ ಸ್ಥಿತಿ ತಂದುಕೊಳ್ಳುವುದುಂಟು. ಪಾರ್ಶ್ವವಾಯುವಿಗೆ ದಾರಿಯಾಗಬಲ್ಲ ಇದನ್ನು ಅಂತರರಾಷ್ಟ್ರೀಯ ಪ್ಯಾರಾಲಿಂಪಿಕ್ ಸಮಿತಿ ನಿಷೇಧಿಸಿದೆ. ಸಿಸ್ಟಾಲಿಕ್ ಒತ್ತಡ (ರಕ್ತದೊತ್ತಡದ ಎರಡು ಅಂಕಿಗಳಲ್ಲಿ ಮೇಲಿನದು) 160 ಮುಟ್ಟಿದರೆ ಅಪಾಯದ ಸ್ಥಿತಿ ಎಂದೇ ಲೆಕ್ಕ. ಬಹಳ ಹೊತ್ತು ಒಂದೇ ಕಡೆ ಒತ್ತಿ ಕೂತು ಚರ್ಮದಲ್ಲಾಗುವ ಒತ್ತು ಹುಣ್ಣಿನದೂ ಇಂಥದೇ ಕಥೆ. ಕೆಂಪು ಕಂಡ ದಿನವೇ ಕುರ್ಚಿಯಿಂದಿಳಿದವನು ಬೇಗ ಮರಳುತ್ತಾನೆ, ಅಲಕ್ಷಿಸಿದವನಿಗೆ ತಿಂಗಳುಗಟ್ಟಲೆ ಹಾಸಿಗೆ. ಆ ವಿರಾಮದಲ್ಲೂ ತಂಡದ ವಿಡಿಯೊ ಚರ್ಚೆಗೆ ಅವನನ್ನು ಕೂರಿಸಿಕೊಂಡು, ಎದುರಾಳಿಯ ಚಲನೆ ಬರೆದಿಡುವ ಕೆಲಸ ವಹಿಸಬೇಕು. ಆಗ ಮರಳಿ ಬಂದವನ ತೋಳಿನ ಬಲ ಕುಂದಿದ್ದರೂ ಆಟದ ಓದು ಮಾಸಿರುವುದಿಲ್ಲ.