ಹಳೆ ಸರ್ವರ್‌ಗೆ ರ‍್ಯಾಮ್ ತರುವ ಮೊದಲು ಎರಡನೇ ಸಾಕೆಟ್ ನೋಡಿ

ಬೆಳಗಾವಿ ಉದ್ಯಮಬಾಗದ ಫೌಂಡ್ರಿ ಆಫೀಸು, ಜಮಖಂಡಿ ಕಡೆಯ ಸೊಸೈಟಿ, ವಿಜಯಪುರದ ಯಾವುದೋ ನರ್ಸಿಂಗ್ ಹೋಮ್, ಎಲ್ಲಿ ಹೋದರೂ ಮೂಲೆಯಲ್ಲಿ ಒಂದು ಎಚ್‌ಪಿ ಪ್ರೋಲಿಯಂಟ್ ಡಿಎಲ್380 ಜಿ7 ಗುಂಯ್ ಅನ್ನುತ್ತಾ ಕೂತಿರುತ್ತದೆ. 2010ರಲ್ಲಿ ಬಂದ ಮಾಡೆಲ್. ಮಾಲೀಕರ ಬೇಡಿಕೆ ಒಂದೇ: "ಹೊಸಾದು ಬ್ಯಾಡ್ರಿ, ಇದನ್ನ ಸ್ವಲ್ಪ ಜೋರ್ ಮಾಡಿ ಕೊಡ್ರಿ." ಬೇಡಿಕೆ ತಪ್ಪೇನಲ್ಲ. ಈ ಸರ್ವರ್ ಒಳಗೆ ಸೇರಿಸೋಕೆ ಜಾಗ ಬೇಕಾದಷ್ಟಿದೆ. ಆದರೆ ಅದರಲ್ಲಿ ಎಷ್ಟು ಜಾಗ ನಿಮ್ಮ ಕೈಗೆ ಸಿಗುತ್ತದೆ ಅನ್ನೋದು ಎರಡನೇ ಪ್ರೊಸೆಸರ್ ಇದೆಯೋ ಇಲ್ಲವೋ ಅನ್ನೋದರ ಮೇಲೆ ನಿಂತಿದೆ. ಇದನ್ನು ನೋಡದೆ ಮಂದಿ ಸುಮ್ನೆ ರೊಕ್ಕ ಕಳೆಯುತ್ತಾರೆ.

ಒಂದು ಫೌಂಡ್ರಿಯ ಅಕೌಂಟ್ಸ್ ವಿಭಾಗದಿಂದ ಬಂದ ಫೋನ್ ಹೇಳ್ತೀನಿ. ಅವರ ಹುಡುಗ ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗಿ ರ‍್ಯಾಮ್ ತಂದಿದ್ದ. ಮುಚ್ಚಳ ತೆಗೆದು, ಖಾಲಿ ಕಂಡ ಸ್ಲಾಟ್‌ಗಳಲ್ಲೆಲ್ಲ ಚಂದ ಮಾಡಿ ಕೂರಿಸಿದ್ದ. "ಸರ್, ಅರ್ಧಾ ರ‍್ಯಾಮ್ ತೋರಸವಲ್ದು ನೋಡ್ರಿ. ಅಂಗಡಿಯವಾ ಡೂಪ್ಲಿಕೇಟ್ ಕೊಟ್ಟಾನೇನು?" ಅಂಗಡಿಯವನ ತಪ್ಪಿರಲಿಲ್ಲ. ರ‍್ಯಾಮ್ ಚೆನ್ನಾಗಿಯೇ ಇತ್ತು. ಕೂತ ಜಾಗಕ್ಕೆ ಪ್ರೊಸೆಸರ್ ಇರಲಿಲ್ಲ.

ಈ ತಲೆಮಾರಿನ ಇಂಟೆಲ್ ಝಿಯಾನ್ 5500, 5600 ಪ್ರೊಸೆಸರ್‌ಗಳಲ್ಲಿ ಮೆಮೊರಿ ಕಂಟ್ರೋಲರ್, ಅಂದ್ರೆ ಮೆಮೊರಿಯನ್ನು ನಡೆಸುವ ಭಾಗ, ಪ್ರೊಸೆಸರ್ ಒಳಗೇ ಇರುತ್ತದೆ. ಅದಕ್ಕೂ ಹಿಂದಿನ ಝಿಯಾನ್‌ಗಳಲ್ಲಿ ಅದು ಬೋರ್ಡ್ ಮೇಲಿನ ಚಿಪ್‌ಸೆಟ್‌ನಲ್ಲಿತ್ತು, ಹಾಗಾಗಿ ಒಂದೇ ಪ್ರೊಸೆಸರ್ ಇದ್ದರೂ ಎಲ್ಲಾ ಸ್ಲಾಟೂ ನಡೀತಿದ್ದವು. ಇಲ್ಲಿ ಹಾಗಲ್ಲ. ಡಿಎಲ್380 ಜಿ7ರಲ್ಲಿ ಒಟ್ಟು 18 ಸ್ಲಾಟ್. 9 ಮೊದಲ ಪ್ರೊಸೆಸರ್‌ಗೆ, 9 ಎರಡನೆಯದಕ್ಕೆ. ಎರಡನೇ ಸಾಕೆಟ್ (ಪ್ರೊಸೆಸರ್ ಕೂರುವ ಜಾಗ) ಖಾಲಿ ಇದ್ದರೆ ಆ 9 ಸ್ಲಾಟ್ ಬರೀ ಪ್ಲಾಸ್ಟಿಕ್ಕು, ಅಷ್ಟೇ.

ಆ 9ರಲ್ಲೂ ಒಂದು ಲೆಕ್ಕ ಇದೆ. ಪ್ರತಿ ಪ್ರೊಸೆಸರ್‌ಗೆ ಮೂರು ಮೆಮೊರಿ ಚಾನೆಲ್ (ಡೇಟಾ ಓಡಾಡುವ ದಾರಿ), ಒಂದೊಂದು ಚಾನೆಲ್‌ಗೆ ಮೂರು ಸ್ಲಾಟ್. ಸ್ಲಾಟ್‌ಗಳ ಪಕ್ಕ ಎ, ಬಿ, ಸಿ ಅಂತ ಅಕ್ಷರ ಬರೆದಿರುತ್ತಾರೆ, ಆದರೆ ಬೋರ್ಡ್ ಮೇಲೆ ಅವು ಸಾಲಾಗಿ ಇರಲ್ಲ, ಚದುರಿಕೊಂಡಿರುತ್ತವೆ. ಅದು ಬೇಕಂತಲೇ ಮಾಡಿದ್ದು. ಎ, ಬಿ, ಸಿ ಮೂರೂ ಬೇರೆ ಬೇರೆ ಚಾನೆಲ್‌ನ ಮೊದಲ ಸ್ಲಾಟ್‌ಗಳು. ಅಕ್ಷರದ ಕ್ರಮದಲ್ಲಿ ತುಂಬಿಕೊಂಡು ಹೋದರೆ ಮೂರೂ ಚಾನೆಲ್ ಸಮಾನವಾಗಿ ಕೆಲಸ ಮಾಡುತ್ತವೆ. ಅದನ್ನು ಬಿಟ್ಟು ಕಣ್ಣಿಗೆ ಕಂಡ ಕ್ರಮದಲ್ಲಿ ತುಂಬಿದರೆ, ಮೂರು ನಳ ಇದ್ದರೂ ಒಂದೇ ನಳಕ್ಕೆ ಎಲ್ಲರೂ ಕೊಡ ಹಿಡಿದು ನಿಂತಂಗೆ ಆಗುತ್ತದೆ. ಇನ್ನು ಎರಡು ಪ್ರೊಸೆಸರ್ ಇದ್ದಾಗ ಎರಡೂ ಕಡೆ ಸಮ ಹಂಚಿ: ಇಲ್ಲೊಂದು ಎ, ಅಲ್ಲೊಂದು ಎ, ಆಮೇಲೆ ಬಿ.

"18 ಸ್ಲಾಟೂ ತುಂಬಿಸಿಬಿಡಿ" ಅನ್ನೋರಿಗೆ ನಾನು ಸ್ವಲ್ಪ ತಡೀರಿ ಅಂತೀನಿ. ಒಂದು ಚಾನೆಲ್‌ನಲ್ಲಿ ಮೂರನೇ ಸ್ಟಿಕ್ ಕೂತ ಕೂಡಲೇ ಮೆಮೊರಿಯ ವೇಗ 800 ಮೆಗಾಹರ್ಟ್ಝ್‌ಗೆ ಇಳಿಯುತ್ತದೆ. ಚಾನೆಲ್‌ಗೆ ಎರಡೇ ಇಟ್ಟರೆ, ಪ್ರೊಸೆಸರ್ ತಾಕತ್ತಿದ್ದರೆ, 1333ರಲ್ಲಿ ಓಡಬಹುದು. ಲೆಕ್ಕ ಹಾಕಿ ನೋಡಿ: 8 ಜಿಬಿಯ 12 ಸ್ಟಿಕ್ ಅಂದ್ರೆ 96 ಜಿಬಿ, ಪೂರ್ತಿ ವೇಗದಲ್ಲಿ. 18 ಸ್ಟಿಕ್ ಅಂದ್ರೆ 144 ಜಿಬಿ, ಆದರೆ ನಿಧಾನ. ನಮ್ಮ ಕಡೆಯ ಆಫೀಸುಗಳಲ್ಲಿ 96 ಜಿಬಿ ತುಂಬುವಷ್ಟು ಕೆಲಸ ಇರೋದು ನಾನು ಕಂಡಿದ್ದು ಕಡಿಮೆ. ಹತ್ತಾರು ವರ್ಚುವಲ್ ಮಷಿನ್ (ಒಂದೇ ಸರ್ವರ್ ಒಳಗೆ ಬೇರೆ ಬೇರೆ ಕಂಪ್ಯೂಟರ್ ಥರ ನಡೆಯುವವು) ಓಡಿಸುವ ಇಂಜಿನಿಯರಿಂಗ್ ಕಾಲೇಜಿನ ಲ್ಯಾಬ್ ಆದರೆ ಮಾತು ಬೇರೆ. ಅಲ್ಲಿ ವೇಗಕ್ಕಿಂತ ಜಾಗ ಮುಖ್ಯ, 144 ಹಾಕಿಸಿಕೊಳ್ಳಿ.

ಪ್ರೊಸೆಸರ್ ತಾಕತ್ತು ಅಂದೆ ಅಲ್ವಾ, ಅದೂ ನೋಡಬೇಕು. ಈ ಸರ್ವರ್‌ಗಳಲ್ಲಿ ಜಾಸ್ತಿ ಸಿಗುವ ಇ5620 ನಾಲ್ಕು ಕೋರ್‌ದು, ಅದು ಮೆಮೊರಿಯನ್ನು 1066ಕ್ಕಿಂತ ಮೇಲೆ ಓಡಿಸುವುದೇ ಇಲ್ಲ. ಅದರ ಮೇಲೆ 1333ರ ರ‍್ಯಾಮ್ ಅಂತ ಹುಡುಕಾಡುವುದು ದಂಡ. ಇನ್ನೊಂದು ಮಾತು, ಡೆಸ್ಕ್‌ಟಾಪ್‌ನಿಂದ ಕಿತ್ತ ಡಿಡಿಆರ್3 ಸ್ಟಿಕ್ ಇದರಲ್ಲಿ ಸೇರಿಸಬೇಡಿ. ಸ್ಲಾಟ್‌ನಲ್ಲಿ ಕೂರುತ್ತದೆ, ನಿಜ. ಆದರೆ ಸರ್ವರ್‌ನಲ್ಲಿ ಇರೋದು ಸಾಮಾನ್ಯವಾಗಿ ರಿಜಿಸ್ಟರ್ಡ್ ಮೆಮೊರಿ, ಅದರ ಜೊತೆ ಡೆಸ್ಕ್‌ಟಾಪ್‌ನ ಅನ್‌ಬಫರ್ಡ್ ಬೆರೆಸಿದರೆ ಮಷಿನ್ ಚಾಲೂ ಆಗುವುದಿಲ್ಲ.

ಹಾಗಾದರೆ ಎರಡನೇ ಪ್ರೊಸೆಸರ್ ಹಾಕಿಸೋದೇ ಒಳ್ಳೇದಾ? ಹಳೆ ಮಾಲಿನ ಬಾಜಾರದಲ್ಲಿ ಈ ಪ್ರೊಸೆಸರ್‌ಗಳು ಈಗ ಸಸ್ತಾ ಸಿಗುತ್ತವೆ, ಹಾಗಾಗಿ ಬಹಳ ಸಲ ಹೌದು. ಆದರೆ ಬರೀ ಪ್ರೊಸೆಸರ್ ತಂದರೆ ಸಾಲದು. ಮೊದಲನೆಯದು ಯಾವ ಮಾಡೆಲ್ಲೋ ಎರಡನೆಯದೂ ಅದೇ ಆಗಬೇಕು. ಅದರ ಬಿಸಿ ಇಳಿಸುವ ಹೀಟ್‌ಸಿಂಕ್ ಬೇಕು. ಆಮೇಲೆ ಎಲ್ಲರೂ ಮರೆಯುವುದು ಫ್ಯಾನ್. ಈ ಸರ್ವರ್‌ನಲ್ಲಿ ಆರು ಫ್ಯಾನ್‌ಗೆ ಜಾಗ ಇದೆ, ಒಂದೇ ಪ್ರೊಸೆಸರ್‌ನೊಂದಿಗೆ ಬಂದ ಮಷಿನ್‌ಗಳಲ್ಲಿ ಕೆಲವು ಜಾಗಕ್ಕೆ ಫ್ಯಾನ್ ಬದಲು ಖಾಲಿ ಪ್ಲಾಸ್ಟಿಕ್ ಡಬ್ಬಿ ಕೂರಿಸಿರುತ್ತಾರೆ. ಎರಡನೇ ಪ್ರೊಸೆಸರ್ ಹಾಕುವಾಗ ಆ ಡಬ್ಬಿ ಕಿತ್ತು ಫ್ಯಾನ್ ಹಾಕಬೇಕು. ಖರೀದಿಗೆ ಹೋಗುವಾಗ ಮೂರನ್ನೂ ಒಟ್ಟಿಗೆ ಕೇಳಿ.

ಸಾಕೆಟ್ ಮುಟ್ಟುವ ಮೊದಲು ಇನ್ನೊಂದು ಎಚ್ಚರ. ಈ ಪ್ರೊಸೆಸರ್‌ಗಳು ಕೂರುವ ಎಲ್‌ಜಿಎ1366 ಸಾಕೆಟ್‌ನಲ್ಲಿ ಪಿನ್‌ಗಳು ಇರೋದು ಬೋರ್ಡ್ ಮೇಲೆ, ಪ್ರೊಸೆಸರ್ ಕೆಳಗಲ್ಲ. ಕೂದಲಿನಷ್ಟು ಸಣ್ಣ ಪಿನ್, 1366. ಮುಚ್ಚಳ ಎತ್ತಿದ ಮೇಲೆ ಮೊಬೈಲ್ ಟಾರ್ಚನ್ನು ಮೇಲಿಂದ ಬಿಡಬೇಡಿ, ಪಕ್ಕದಿಂದ ಓರೆಯಾಗಿ ಬಿಡಿ. ಎಲ್ಲಾ ಪಿನ್ನೂ ಒಂದೇ ದಿಕ್ಕಿಗೆ ಬಾಗಿ ಒಂದೇ ಥರ ಮಿಂಚಬೇಕು. ಎಲ್ಲಾದರೂ ಒಂದು ಚುಕ್ಕೆ ಕಪ್ಪಗೆ ಕಂಡರೆ ಅಲ್ಲೊಂದು ಪಿನ್ ಬಾಗಿದೆ ಅಂತ ಲೆಕ್ಕ, ಅಥವಾ ಧೂಳು ಕೂತಿದೆ. ಉದ್ಯಮಬಾಗದಲ್ಲಂತೂ ಧೂಳು ಅಂದ್ರೆ ಕಬ್ಬಿಣದ ಪುಡಿಯೂ ಇರಬಹುದು, ಅದರಲ್ಲಿ ಕರೆಂಟ್ ಹರಿಯುತ್ತದೆ. ಬಾಯಿಂದ ಊದಬೇಡಿ, ಬಟ್ಟೆಯಿಂದ ಒರೆಸಲೇಬೇಡಿ.

ಯಾವ ಪ್ರೊಸೆಸರ್ ಅಂತ ಕೇಳಿದರೆ ನನ್ನ ಉತ್ತರ ಊರು ನೋಡಿ ಬದಲಾಗುತ್ತದೆ. ಎಕ್ಸ್5690 ಆರು ಕೋರ್‌ದು, 3.46 ಗಿಗಾಹರ್ಟ್ಝ್, ಕೇಳೋಕೆ ಚಂದ. ಆದರೆ ಅದು 130 ವ್ಯಾಟ್ ಕುಡಿಯುತ್ತದೆ, ಎರಡಾದರೆ 260. ಎಲ್5640 ಕೂಡ ಆರು ಕೋರ್, 2.26 ಗಿಗಾಹರ್ಟ್ಝ್, 60 ವ್ಯಾಟ್ ಮಾತ್ರ. ನಡುವೆ ಎಕ್ಸ್5670 ಇದೆ: 2.93 ಗಿಗಾಹರ್ಟ್ಝ್, 95 ವ್ಯಾಟ್. ಈ ಸರ್ವರ್ ಒಳಗೆ ಹೋಗುವ ಗಾಳಿ 35 ಡಿಗ್ರಿ ದಾಟಬಾರದು ಅಂತ ತಯಾರಕರೇ ಹೇಳಿದ್ದಾರೆ. ಏಪ್ರಿಲ್-ಮೇನಲ್ಲಿ ವಿಜಯಪುರದ ಬಿಸಿಲು 40 ದಾಟುತ್ತದೆ, ಎಸಿ ಇಲ್ಲದ ರೂಮಿನ ಗತಿ ನೀವೇ ಊಹಿಸಿ. ಎಸಿ ಗಟ್ಟಿ ಇದ್ದ ಕಡೆ ನಾನು ಎಕ್ಸ್5670 ಹಾಕಿಸುತ್ತೇನೆ. ಎಸಿಯನ್ನು ಸಂಜೆ ಆಫೀಸ್ ಬಿಡುವಾಗ ಬಂದ್ ಮಾಡಿ ಹೋಗುವ ಕಡೆ ಎಲ್5640.

ಲೈಸೆನ್ಸ್ ವಿಷಯವನ್ನೂ ಇಲ್ಲೇ ಹೇಳಿಬಿಡ್ತೀನಿ, ಯಾಕಂದ್ರೆ ಪ್ರೊಸೆಸರ್ ಸಸ್ತಾ ಸಿಕ್ಕಿತು ಅಂತ ಖುಷಿ ಪಟ್ಟವರು ಆಮೇಲೆ ಇಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ವಿಂಡೋಸ್ ಸರ್ವರ್ 2016ರಿಂದ ಕೋರ್ ಲೆಕ್ಕದಲ್ಲಿ ಲೈಸೆನ್ಸ್, ಒಂದು ಸರ್ವರ್‌ಗೆ ಕನಿಷ್ಠ 16 ಕೋರ್. ಆರು ಕೋರ್‌ನ ಎರಡು ಪ್ರೊಸೆಸರ್ ಸೇರಿದರೂ 12 ಕೋರ್, ಅದು ಆ ಕನಿಷ್ಠದೊಳಗೇ ಬರುತ್ತದೆ. ಚಿಂತೆ ಇಲ್ಲ. ಎಸ್‌ಕ್ಯೂಎಲ್ ಸರ್ವರ್ ಅನ್ನುವ ಡೇಟಾಬೇಸ್ ಸಾಫ್ಟ್‌ವೇರನ್ನು ಕೋರ್ ಲೆಕ್ಕದಲ್ಲಿ ತೆಗೆದುಕೊಂಡಿದ್ದರೆ ಮಾತ್ರ ಹೊಸ ಆರು ಕೋರ್‌ಗೂ ದುಡ್ಡು ಕಟ್ಟಬೇಕಾಗುತ್ತದೆ. ಆ ದುಡ್ಡಿನ ಮುಂದೆ ಪ್ರೊಸೆಸರ್ ದುಡ್ಡು ಲೆಕ್ಕಕ್ಕೇ ಇಲ್ಲ.

ಈಗ ಡಿಸ್ಕ್. ನಿಜ ಹೇಳಬೇಕಂದ್ರೆ "ಸರ್ವರ್ ಸ್ಲೋ" ಅನ್ನುವ ದೂರಿನಲ್ಲಿ ಬಹಳಷ್ಟು ಪ್ರೊಸೆಸರ್‌ದೂ ಅಲ್ಲ, ರ‍್ಯಾಮಿಂದೂ ಅಲ್ಲ, ಡಿಸ್ಕಿನದು. ಮುಂದುಗಡೆ ಎರಡೂವರೆ ಇಂಚಿನ 8 ಡಿಸ್ಕ್‌ಗೆ ಜಾಗ ಇದೆ. ಡಿಸ್ಕ್ ಕೂರಿಸುವ ಇನ್ನೊಂದು ಕೇಜ್ ಹಾಕಿದರೆ 16. ಆದರೆ ಬೋರ್ಡ್ ಮೇಲಿನ, ಡಿಸ್ಕ್ ನಡೆಸುವ ಸ್ಮಾರ್ಟ್ ಅರೇ ಪಿ410ಐ ಕಂಟ್ರೋಲರ್‌ಗೆ ನೇರವಾಗಿ ಕೂಡುವುದು 8 ಮಾತ್ರ, ಮಿಕ್ಕಿದ್ದಕ್ಕೆ ಎಕ್ಸ್‌ಪಾಂಡರ್ ಕಾರ್ಡ್ ಅಥವಾ ಇನ್ನೊಂದು ಕಂಟ್ರೋಲರ್ ಬೇಕು. ಬರೀ ಕೇಜ್ ತಂದು ಇಟ್ಟುಕೊಂಡವರೂ ಇದ್ದಾರೆ.

ಪಿ410ಐಗೆ ಕ್ಯಾಶ್ ಮಾಡ್ಯೂಲ್ (ಡೇಟಾ ತಾತ್ಕಾಲಿಕವಾಗಿ ಇಡುವ ಮೆಮೊರಿ) ಬೇರೆ ಬರುತ್ತದೆ. ಅದಿಲ್ಲದಿದ್ದರೆ ರೇಡ್ 5 (ಒಂದು ಡಿಸ್ಕ್ ಸತ್ತರೂ ಡೇಟಾ ಉಳಿಯುವ ಜೋಡಣೆ) ಕಟ್ಟೋಕೆ ಬರಲ್ಲ. ಇದ್ದರೂ, ಅದರ ಬೆನ್ನಿಗಿರುವ ಬ್ಯಾಟರಿ ಅಥವಾ ಕೆಪಾಸಿಟರ್ ಸತ್ತಿದ್ದರೆ ಕಂಟ್ರೋಲರ್ ತಾನಾಗಿಯೇ ರೈಟ್ ಕ್ಯಾಶ್ (ಬರೆಯುವ ಡೇಟಾವನ್ನು ಮೊದಲು ಕ್ಯಾಶ್‌ನಲ್ಲಿ ಇಡುವುದು) ಬಂದ್ ಮಾಡುತ್ತದೆ. ಕರೆಂಟ್ ಹೋದರೆ ಬರೆಯದೆ ಉಳಿದ ಡೇಟಾ ಹಾಳಾಗಬಾರದಲ್ಲ, ಅದಕ್ಕೆ. ಆಗ ಬಿಲ್ ಸೇವ್ ಮಾಡುವುದೂ ಆಕಳಿಕೆ ಬರಿಸುತ್ತದೆ. ಚಾಲೂ ಮಾಡುವಾಗ ಪರದೆ ಮೇಲೆ 1794 ಅಂತ ಶುರುವಾಗುವ ಸಂದೇಶ ಓಡಿ ಹೋಗುತ್ತದೆ, ಅದನ್ನು ಓದುವವರೇ ಇಲ್ಲ. ಮೊದಲು ಅದನ್ನು ನೋಡಿ. ಒಂದು ಸಣ್ಣ ಬ್ಯಾಟರಿ ಬದಲಿಸಿದ ಮೇಲೆ "ಹೊಸಾ ಸರ್ವರ್ ಆತು ನೋಡ್ರಿ" ಅಂದವರಿದ್ದಾರೆ.

ಡೆಸ್ಕ್‌ಟಾಪ್‌ಗೆ ಹಾಕುವ ಥರದ ಸಾಟಾ ಎಸ್‌ಎಸ್‌ಡಿ ಹಾಕಬಹುದಾ ಅಂದರೆ, ಹಾಕಬಹುದು. ಸರಿಯಾದ ಟ್ರೇ ಬೇಕು. ಈ ಕಂಟ್ರೋಲರ್ ಸರ್ವರ್‌ಗಳ ಎಸ್‌ಎಎಸ್ ಡಿಸ್ಕನ್ನು ಸೆಕೆಂಡಿಗೆ 6 ಗಿಗಾಬಿಟ್‌ನಲ್ಲಿ ಓಡಿಸಿದರೂ ಸಾಟಾವನ್ನು 3ಕ್ಕೇ ನಿಲ್ಲಿಸುತ್ತದೆ. ಡಬ್ಬಿ ಮೇಲೆ ಬರೆದ ವೇಗದ ಅರ್ಧ ಸಿಗುತ್ತದೆ ಅಂದುಕೊಳ್ಳಿ. ಆದರೂ ತಿರುಗುವ ಡಿಸ್ಕ್‌ಗೆ ಹೋಲಿಸಿದರೆ ಡೇಟಾಬೇಸ್‌ಗೆ ಅದು ದೊಡ್ಡ ನೆಗೆತವೇ, ಯಾಕಂದ್ರೆ ಅಲ್ಲಿ ಬೇಕಾದ್ದು ಚಿಕ್ಕ ಚಿಕ್ಕ ತುಣುಕುಗಳನ್ನು ಥಟ್ಟಂತ ಹುಡುಕುವುದು. ಇನ್ನೂ ವೇಗದ ಎನ್‌ವಿಎಂಇ ಎಸ್‌ಎಸ್‌ಡಿ ಆದರೆ ಪಿಸಿಐ ಎಕ್ಸ್‌ಪ್ರೆಸ್ (ಕಾರ್ಡ್ ಹಾಕುವ ಸ್ಲಾಟ್) ಅಡಾಪ್ಟರ್ ಮೇಲೆ ಡೇಟಾಗೆ ನಡೆಯುತ್ತದೆ, ಅದರಿಂದ ಬೂಟ್ ಆಗಲ್ಲ. ಇದು ಹಳೆ ಬಯಾಸ್‌ನ ಮಷಿನ್, ಮಷಿನ್ ಚಾಲೂ ಮಾಡುವ ಹೊಸ ಥರದ ಯುಇಎಫ್‌ಐ ಇಲ್ಲ.

ನೆಟ್‌ವರ್ಕ್ ಬಗ್ಗೆ ಜಾಸ್ತಿ ಹೇಳಲ್ಲ. ಬೋರ್ಡ್ ಮೇಲೇ ನಾಲ್ಕು ಗಿಗಾಬಿಟ್ ಪೋರ್ಟ್ ಇವೆ, ಬಹಳ ಕಡೆ ಒಂದಕ್ಕೆ ಮಾತ್ರ ಕೇಬಲ್ ಇರುತ್ತದೆ. ನಾಲ್ಕನ್ನೂ ಟೀಮ್ ಮಾಡಿದರೆ, ಅಂದ್ರೆ ಒಂದಾಗಿ ಜೋಡಿಸಿದರೆ, ಹತ್ತು ಜನ ಒಟ್ಟಿಗೆ ಕೆಲಸ ಮಾಡುವಾಗ ಉಪಯೋಗ, ಒಬ್ಬರು ಒಂದು ಫೈಲ್ ಕಾಪಿ ಮಾಡುವ ವೇಗ ಅದರಿಂದ ಏರುವುದಿಲ್ಲ. 10 ಗಿಗಾಬಿಟ್ ಕಾರ್ಡ್ ಹಾಕುವುದಿದ್ದರೆ ಸ್ಲಾಟ್‌ನ ಉದ್ದಕ್ಕೆ ಮೋಸ ಹೋಗಬೇಡಿ, ಒಳಗೆ ಎಷ್ಟು ಲೇನ್ (ಡೇಟಾ ಓಡುವ ಸಾಲು) ಇದೆ ಅನ್ನೋದನ್ನು ರೈಸರ್ (ಈ ಸ್ಲಾಟ್ ಇರುವ ಸಣ್ಣ ಬೋರ್ಡ್) ಮೇಲಿನ ಲೇಬಲ್‌ನಲ್ಲಿ ಓದಿ. ಇಲ್ಲಿರೋದು ಎರಡನೇ ತಲೆಮಾರಿನ ಪಿಸಿಐ ಎಕ್ಸ್‌ಪ್ರೆಸ್, ಒಂದು ಲೇನ್‌ಗೆ ಸೆಕೆಂಡಿಗೆ ಸುಮಾರು 500 ಎಂಬಿ. ನಾಲ್ಕು ಲೇನ್‌ಗೆ 2000. ಒಂದು 10 ಗಿಗಾಬಿಟ್ ಪೋರ್ಟ್‌ಗೆ ಬೇಕಾದ್ದು 1250, ಸಾಕು. ಎರಡು ಪೋರ್ಟಿನ ಕಾರ್ಡ್ ಆದರೆ 2500, ಎಂಟು ಲೇನ್‌ನ ಸ್ಲಾಟ್ ಹುಡುಕಿ.

ಜಿ7ರಲ್ಲಿ ಈ ಸ್ಲಾಟ್‌ಗಳು 5520 ಚಿಪ್‌ಸೆಟ್‌ಗೆ ತೂಗಿಕೊಂಡಿವೆ, ಪ್ರೊಸೆಸರ್‌ಗೆ ಅಲ್ಲ. ಇದರ ಮುಂದಿನ ಮಾಡೆಲ್ ಜೆನ್8ರಲ್ಲಿ ಅದೂ ಬದಲಾಯಿತು. ಅಲ್ಲಿ ಪಿಸಿಐ ಎಕ್ಸ್‌ಪ್ರೆಸ್ ಕೂಡ ಪ್ರೊಸೆಸರ್ ಒಳಗೆ ಹೋಯಿತು, ಹಾಗಾಗಿ ಎರಡನೇ ಪ್ರೊಸೆಸರ್ ಇಲ್ಲದೆ ಎರಡನೇ ರೈಸರ್ ಕೆಲಸ ಮಾಡುವುದಿಲ್ಲ. ಜಿ7ರ ರೂಢಿಯಲ್ಲಿ ಜೆನ್8ಗೆ ಕಾರ್ಡ್ ಹಾಕಿ "ಕಾರ್ಡ್ ಸುಟ್ಟದರಿ" ಅಂತ ವಾಪಸ್ ಕೊಡುವವರು ಇದ್ದಾರೆ.

ತೊಂದರೆ ಹುಡುಕುವಾಗ ಮುಂದುಗಡೆಯ ಸಣ್ಣ ಪಟ್ಟಿ ಮರೆಯಬೇಡಿ. ಒತ್ತಿದರೆ ಹೊರಗೆ ಬರುತ್ತದೆ, ಅದರ ಮೇಲೆ ಬೋರ್ಡಿನ ನಕ್ಷೆ, ಪ್ರತಿ ರ‍್ಯಾಮ್ ಸ್ಲಾಟ್, ಫ್ಯಾನ್, ಪವರ್ ಸಪ್ಲೈಗೆ ಒಂದೊಂದು ದೀಪ. ಹಳದಿ ಹತ್ತಿದ ಕಡೆಯೇ ತಂಟೆ. ಮುಚ್ಚಳ ತೆಗೆಯುವ ಮೊದಲು ಇದರ ಒಂದು ಫೋಟೊ ತೆಗೆದು ಕಳಿಸಿ ಅಂತ ನಾನು ಫೋನಿನಲ್ಲೇ ಹೇಳ್ತೀನಿ.

ಯಾವಾಗ ರೊಕ್ಕ ಹಾಕಬಾರದು ಅನ್ನೋದೂ ಇದೆ. ಈ ಪ್ರೊಸೆಸರ್‌ಗಳಿಗೆ ಎವಿಎಕ್ಸ್ ಅನ್ನುವ ಹೊಸ ಆದೇಶಗಳ ಗುಂಪು ಗೊತ್ತಿಲ್ಲ. ಮಾಂಗೋಡಿಬಿ ಡೇಟಾಬೇಸ್‌ಗೆ 5.0ರಿಂದ ಮುಂದೆ ಅದು ಬೇಕೇ ಬೇಕು. ವರ್ಚುವಲ್ ಮಷಿನ್ ಓಡಿಸುವ ವಿಎಂವೇರ್ ಇಎಸ್‌ಎಕ್ಸ್‌ಐ 7.0 ಈ ತಲೆಮಾರನ್ನು ಕೈಬಿಟ್ಟಿದೆ. ರೆಡ್ ಹ್ಯಾಟ್ ಲಿನಕ್ಸ್ 9 ಈ ಪ್ರೊಸೆಸರ್ ಒಪ್ಪುತ್ತದೆ, 10 ಒಪ್ಪುವುದಿಲ್ಲ. ನಿಮ್ಮ ಸಾಫ್ಟ್‌ವೇರ್‌ನವರು ಮುಂದಿನ ವರ್ಷ ಇವುಗಳಲ್ಲಿ ಯಾವುದಕ್ಕಾದರೂ ಹೋಗುವವರಿದ್ದರೆ ರ‍್ಯಾಮ್ ತರುವುದೂ ಬೇಡ. ಹಾಗಿಲ್ಲ, ಇನ್ನೂ ಎರಡು ವರ್ಷ ಇದೇ ಬಿಲ್ಲಿಂಗು, ಇದೇ ಫೈಲ್ ಸರ್ವರ್ ಅಂತಾದರೆ, ಬಿಡಿ ಬಿಡಿಯಾಗಿ ಪಾರ್ಟ್ ಹುಡುಕುವ ಬದಲು ಇನ್ನೊಂದು ಪೂರ್ತಿ ಜಿ7 ಮಷಿನನ್ನೇ ತನ್ನಿ. ಅದರ ಪ್ರೊಸೆಸರ್, ಹೀಟ್‌ಸಿಂಕ್, ಫ್ಯಾನ್ ಇದಕ್ಕೆ ಬರುತ್ತವೆ, ಪವರ್ ಸಪ್ಲೈ ಎರಡು ಕೈಯಲ್ಲಿ ಉಳಿಯುತ್ತವೆ. ತರುವಾಗ ಎರಡನೇ ಸಾಕೆಟ್ ಮೇಲೆ ಪ್ರೊಸೆಸರ್ ಇದೆಯಾ ಅಂತ ಅಂಗಡಿಯಲ್ಲೇ ಮುಚ್ಚಳ ತೆಗೆಸಿ ನೋಡಿ, ಅದರ ಮಾಡೆಲ್ ನಂಬರ್ ನಿಮ್ಮದಕ್ಕೆ ಕೂಡುತ್ತದಾ ಅಂತಲೂ ನೋಡಿ.