ಡಬ್ಬಿಗೆ ಬಿದ್ದ ಕಾಸು ಯಾರದ್ದು? ಸೇವಾ ಕ್ಲಬ್ಬುಗಳ ನೂರು ವರ್ಷದ ಚರ್ಚೆ

ಸೇವಾ ಕ್ಲಬ್ಬುಗಳ ವಿಷಯ ಬಂದರೆ ಎರಡು ತರಹದ ಮಾತು ಕೇಳಿಸುತ್ತದೆ. 'ಚೆಕ್ ಹಿಡಿದು ಫೋಟೋಗೆ ನಿಲ್ಲೋದು ಬಿಟ್ಟು ಇವರು ಮಾಡೋದೇನು?' ಅಂತ ಒಬ್ಬರು. 'ರಕ್ತದಾನ ಶಿಬಿರ, ಕಣ್ಣಿನ ತಪಾಸಣೆ, ಶಾಲೆಗೆ ಬೆಂಚು, ಇದನ್ನೆಲ್ಲ ಮಾಡೋರು ಯಾರು ಮತ್ತೆ?' ಅಂತ ಇನ್ನೊಬ್ಬರು. ಕ್ಲಬ್ಬಿನ ಒಳಗೂ ಇದೇ ಚರ್ಚೆ. ನಾವೇ ಹೋಗಿ ಕೆಲಸ ಮಾಡಬೇಕಾ, ಹಣ ಕೂಡಿಸಿ ಬಲ್ಲವರ ಕೈಗೆ ಕೊಡಬೇಕಾ? ಕೂಡಿಸಿದ ಹಣದಲ್ಲಿ ಕ್ಲಬ್ಬಿನ ಖರ್ಚು ತೆಗೆಯಬಹುದಾ? ಈ ವರ್ಷ ಕೊಟ್ಟಿದ್ದನ್ನು ಮುಂದಿನ ವರ್ಷ ನೋಡಿಕೊಳ್ಳೋರು ಯಾರು? ಪ್ರತಿ ವರ್ಷ ಹೊಸ ಪದಾಧಿಕಾರಿಗಳು ಬರುತ್ತಾರೆ. ಇದೇ ಪ್ರಶ್ನೆಗಳು ಮೊದಲ ಸಲ ಹುಟ್ಟಿದ ಹಾಗೆ ಮತ್ತೆ ಎದ್ದು ನಿಲ್ಲುತ್ತವೆ. ಆದರೆ ಇವಕ್ಕೆ ನೂರು ವರ್ಷ ದಾಟಿದೆ. ಎಳೆ ಎಳೆಯಾಗಿ ಬಿಡಿಸಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಾಲ್ಕು ಜನ ಸೇರಿ ಕಷ್ಟದಲ್ಲಿರುವವರಿಗೆ ನೆರವಾಗುವುದು ಎಲ್ಲ ಕಾಲದಲ್ಲೂ ಇತ್ತು. ಧಾರ್ಮಿಕ ಸಂಸ್ಥೆಗಳು, ಕಸುಬಿನ ಸಂಘಗಳು, 19ನೇ ಶತಮಾನದ ದಾನ ಸಂಘಗಳು ಅದನ್ನೇ ಮಾಡಿದವು. ನಾವು ಈಗ ಸೇವಾ ಕ್ಲಬ್ ಎಂದು ಕರೆಯುವ ರೂಪ ಶುರುವಾಗಿದ್ದು 1905ರ ಫೆಬ್ರವರಿ 23ರಂದು, ಅಮೆರಿಕದ ಶಿಕಾಗೋದಲ್ಲಿ. ಪಾಲ್ ಹ್ಯಾರಿಸ್ ಎಂಬ ವಕೀಲ, ಒಬ್ಬ ಗಣಿ ಎಂಜಿನಿಯರ್, ಒಬ್ಬ ಕಲ್ಲಿದ್ದಲು ವ್ಯಾಪಾರಿ, ಒಬ್ಬ ದರ್ಜಿ, ಈ ನಾಲ್ವರು ಅವತ್ತು ಒಂದು ಕಚೇರಿಯಲ್ಲಿ ಸೇರಿದರು. ಮುಂದೆ ಒಬ್ಬೊಬ್ಬರ ಜಾಗದಲ್ಲಿ ಸರದಿ ಮೇಲೆ ಸಭೆ ನಡೆಸಿದರು. ಹೀಗೆ ಸುತ್ತುತ್ತಿದ್ದರಿಂದಲೇ ರೋಟರಿ ಎಂಬ ಹೆಸರು ಬಂತು.

ಮೊದಮೊದಲು ಅಲ್ಲಿ ಸೇವೆಯ ಮಾತೇ ಇರಲಿಲ್ಲ. ಇದು ಎಷ್ಟೋ ಸದಸ್ಯರಿಗೇ ಗೊತ್ತಿಲ್ಲ. ಒಂದು ಕಸುಬಿಗೆ ಒಬ್ಬರೇ ಸದಸ್ಯರು. ಅವರವರಲ್ಲೇ ವ್ಯಾಪಾರ ಕೊಟ್ಟು ತೆಗೆದುಕೊಳ್ಳಬೇಕು. ಯಾರು ಯಾರಿಗೆ ಎಷ್ಟು ವ್ಯಾಪಾರ ಕೊಟ್ಟರು ಅಂತ ಲೆಕ್ಕ ಬರೆಯಲು ಒಬ್ಬರನ್ನು ನೇಮಿಸಿಕೊಂಡಿದ್ದರು. ಈ ಕಟ್ಟಳೆಯನ್ನು ಮೊದಲು ಪ್ರಶ್ನಿಸಿದವರು ಡೊನಾಲ್ಡ್ ಕಾರ್ಟರ್ ಎಂಬ ಪೇಟೆಂಟ್ ವಕೀಲರು. 1906ರಲ್ಲಿ ಅವರನ್ನು ಕ್ಲಬ್ಬಿಗೆ ಕರೆದಾಗ, ತನ್ನವರಿಗೆ ಮಾತ್ರ ಲಾಭ ನೋಡುವ ಕೂಟ ಹೆಚ್ಚು ದಿನ ಉಳಿಯುವುದಿಲ್ಲ, ಊರಿಗೂ ಏನಾದರೂ ಮಾಡಬೇಕು ಎಂದರು. ಮರುವರ್ಷ ಕ್ಲಬ್ಬು ಮೊದಲ ಊರ ಕೆಲಸಕ್ಕೆ ಕೈ ಹಾಕಿತು. ಏನು ಗೊತ್ತಾ? ಸಾರ್ವಜನಿಕ ಶೌಚಾಲಯ. ಅಷ್ಟು ದೊಡ್ಡ ಪೇಟೆಯಲ್ಲಿ ಜನರಿಗೆ ಅದೇ ಇರಲಿಲ್ಲ. ಬೇರೆ ಸಂಘಗಳನ್ನೂ ಜೊತೆಗೆ ಸೇರಿಸಿಕೊಂಡು, ನಗರಾಡಳಿತದ ಹಿಂದೆ ಬಿದ್ದು ಕಟ್ಟಿಸಿದರು. ಎದ್ದು ಕಾಣುವ ಕೆಲಸ ಹುಡುಕದೆ ಬೇಕಾದ ಕೆಲಸ ಹಿಡಿದರಲ್ಲ, ಅದು ನನಗೆ ತುಂಬಾ ಇಷ್ಟ.

ಮುಂದಿನ ಹತ್ತು ಹನ್ನೆರಡು ವರ್ಷದಲ್ಲಿ ಇದೇ ಹಾದಿಯಲ್ಲಿ ಬೇರೆ ಕ್ಲಬ್ಬುಗಳೂ ಬಂದವು. 1915ರಲ್ಲಿ ಡೆಟ್ರಾಯಿಟ್‌ನಲ್ಲಿ ಕಿವಾನಿಸ್, 1917ರಲ್ಲಿ ಶಿಕಾಗೋದಲ್ಲಿ ಲಯನ್ಸ್, 1919ರಲ್ಲಿ ಹೆಂಗಸರದ್ದೇ ಆದ ಜೋಂಟಾ. ಕಿವಾನಿಸ್ ಕೂಡ ಮೊದಲು ವ್ಯಾಪಾರದ ಕೂಟವಾಗಿಯೇ ಹುಟ್ಟಿ ಆಮೇಲೆ ಸೇವೆಗೆ ಹೊರಳಿತು. ಲಯನ್ಸ್‌ನವರು ಮಾತ್ರ ಆ ಬಾಗಿಲನ್ನು ಶುರುವಿನಲ್ಲೇ ಮುಚ್ಚಿದರು. ಸದಸ್ಯರ ಹಣಕಾಸಿನ ಲಾಭ ಯಾವ ಕ್ಲಬ್ಬಿನ ಗುರಿಯೂ ಆಗಬಾರದು ಅಂತ ಮೊದಲ ಸಮಾವೇಶದಲ್ಲೇ ಬರೆದಿಟ್ಟರು.

ಈ ಕಥೆಯಲ್ಲಿ ನಿಂತು ನೋಡಬೇಕಾದ ಘಟ್ಟ 1923. ಈಗ ನಡೆಯುವ ಎಲ್ಲ ವಾದಗಳೂ ಅಲ್ಲಿ ಒಮ್ಮೆ ನಡೆದುಹೋಗಿವೆ.

ಅದರ ಹಿಂದೆ ಒಬ್ಬ ತಂದೆಯ ದುಃಖ ಇದೆ. ಒಹಾಯೋ ರಾಜ್ಯದ ಎಲಿರಿಯಾ ಎಂಬ ಊರಿನಲ್ಲಿ ಎಡ್ಗರ್ ಆ್ಯಲೆನ್ ಎಂಬ ವ್ಯಾಪಾರಿ ಇದ್ದರು. 1907ರಲ್ಲಿ ಟ್ರಾಮ್ ಅಪಘಾತದಲ್ಲಿ ಅವರ ಮಗ ತೀರಿಕೊಂಡ. ಊರಲ್ಲಿ ಸರಿಯಾದ ಆಸ್ಪತ್ರೆ ಇರಲಿಲ್ಲ. ಆ್ಯಲೆನ್ ವ್ಯಾಪಾರ ಬಿಟ್ಟು, ಹಣ ಕೂಡಿಸಿ ಆಸ್ಪತ್ರೆ ಕಟ್ಟಿಸಿದರು. ಅಂಗವೈಕಲ್ಯದ ಮಕ್ಕಳನ್ನು ಮನೆಯೊಳಗೇ ಬಚ್ಚಿಡುತ್ತಾರೆ ಅಂತ ಅಲ್ಲಿ ಗೊತ್ತಾದ ಮೇಲೆ ಆ ಮಕ್ಕಳಿಗಾಗಿ ಸಂಘ ಕಟ್ಟಿದರು. ಸುತ್ತಲಿನ ರೋಟರಿ ಕ್ಲಬ್ಬುಗಳು ಬೆನ್ನಿಗೆ ನಿಂತವು. ಉತ್ಸಾಹ ಎಷ್ಟಾಯಿತೆಂದರೆ, ಎಲ್ಲ ಕ್ಲಬ್ಬುಗಳೂ ಇದನ್ನೇ ಕೈಗೆತ್ತಿಕೊಳ್ಳಲಿ, ಇದಕ್ಕಾಗಿ ಹಣ ಎತ್ತಲಿ ಎಂಬ ಒತ್ತಾಯ ಬಂತು.

ಆಗ ಎರಡು ಬಣ ಆಯಿತು. ಕ್ಲಬ್ಬು ಮನುಷ್ಯನನ್ನು ತಿದ್ದಬೇಕು, ಅವನು ತನ್ನ ಕಸುಬಿನಲ್ಲಿ, ಊರಿನಲ್ಲಿ ತಾನಾಗಿ ಸೇವೆ ಮಾಡುತ್ತಾನೆ, ಕ್ಲಬ್ಬೇ ದಾನದ ಸಂಸ್ಥೆ ಆಗಬಾರದು ಎಂದು ಒಂದು ಕಡೆಯವರು. ಬರೀ ಮಾತಾಡಿ ಎದ್ದು ಹೋದರೆ ಏನು ಬಂತು, ಎಲ್ಲರೂ ಸೇರಿ ಮಾಡಿದರೇ ಕೆಲಸ ಆಗೋದು ಎಂದು ಇನ್ನೊಂದು ಕಡೆಯವರು. 1923ರಲ್ಲಿ ಸೇಂಟ್ ಲೂಯಿಸ್ ಸಮಾವೇಶದಲ್ಲಿ ಇದಕ್ಕೆ ಒಂದು ನಿರ್ಣಯ ಬಂತು. ಆ ವರ್ಷದ 34ನೇ ನಿರ್ಣಯ ಆದ್ದರಿಂದ ಅದನ್ನು 23-34 ಅಂತಲೇ ಕರೆಯುತ್ತಾರೆ. ಯಾವ ಕೆಲಸ ಮಾಡಬೇಕು ಅನ್ನುವುದನ್ನು ಆಯಾ ಕ್ಲಬ್ಬೇ ತೀರ್ಮಾನಿಸಲಿ, ಮೇಲಿನವರು ಹೇರಬಾರದು ಎಂದಿತು. ಬೇರೆಯವರು ಚೆನ್ನಾಗಿ ಮಾಡುತ್ತಿರುವ ಕೆಲಸವನ್ನು ಮತ್ತೆ ಮಾಡಲು ಹೋಗಬೇಡಿ ಎಂದಿತು. ಹೊಣೆ ಹೊರುವ ಮನಸ್ಸಿಲ್ಲದಿದ್ದರೆ ಎಷ್ಟು ಒಳ್ಳೆಯ ಕೆಲಸವಾದರೂ ಮುಟ್ಟಬೇಡಿ, ಪ್ರಚಾರ ಸಿಗುತ್ತದೆ ಅಂತ ಕೆಲಸ ಆರಿಸಬೇಡಿ ಎಂದಿತು. ಇಡೀ ಕ್ಲಬ್ಬಿನ ಹೆಸರಿನಲ್ಲಿ ನಡೆದುಬಿಡುವ ಕೆಲಸಕ್ಕಿಂತ ಒಬ್ಬೊಬ್ಬ ಸದಸ್ಯನೂ ಕೈ ಹಾಕುವ ಕೆಲಸವೇ ಮೇಲು ಎಂದಿತು.

ನೂರು ವರ್ಷ ಆದರೂ ಈ ಮಾತುಗಳಿಗೆ ತುಕ್ಕು ಹಿಡಿದಿಲ್ಲ. ಹೊಸ ಅಧ್ಯಕ್ಷರು ಪದಗ್ರಹಣಕ್ಕೆ ಮೊದಲು ಅರ್ಧ ಗಂಟೆ ಕೂತು ಇದನ್ನು ಓದಿದರೆ ಎಷ್ಟೋ ಗೊಂದಲ ಕಮ್ಮಿ ಆಗುತ್ತದೆ. ಆದರೆ ಅದೇ ನಿರ್ಣಯದಲ್ಲಿ ಇನ್ನೊಂದು ಸಲಹೆಯೂ ಇತ್ತು. ವರ್ಷಕ್ಕೊಂದು ಮುಖ್ಯ ಕೆಲಸ ಹಿಡಿಯಿರಿ, ಆದಷ್ಟು ಬೇರೆ ಬೇರೆ ಇರಲಿ, ಸಾಧ್ಯವಾದರೆ ಆ ವರ್ಷದೊಳಗೇ ಮುಗಿಸಿ ಅಂತ. ಕ್ಲಬ್ಬು ಒಂದೇ ಕಡೆ ಜಡ್ಡುಗಟ್ಟಬಾರದು ಎಂಬ ಒಳ್ಳೆಯ ಉದ್ದೇಶದ ಮಾತು ಅದು. ಮುಂದೆ ಅದರಿಂದಲೇ ಒಂದು ತೊಡಕೂ ಹುಟ್ಟಿತು.

ಇದೇ ಕಾಲದಲ್ಲಿ ಲಯನ್ಸ್ ಬೇರೆ ದಾರಿ ಹಿಡಿಯಿತು. 1925ರಲ್ಲಿ ಕಣ್ಣು ಕಾಣದ, ಕಿವಿ ಕೇಳದ ಲೇಖಕಿ ಹೆಲೆನ್ ಕೆಲ್ಲರ್ ಲಯನ್ಸ್ ಸಮಾವೇಶಕ್ಕೆ ಬಂದು, ಅಂಧರ ಪರವಾಗಿ ನಿಲ್ಲಿ ಎಂದು ಕೇಳಿಕೊಂಡರು. ಆಗಿನಿಂದ ಕಣ್ಣಿನ ಕೆಲಸ ಅವರದ್ದಾಯಿತು. 1930ರಲ್ಲಿ ಇಲಿನಾಯ್ ರಾಜ್ಯದ ಪಿಯೋರಿಯಾದಲ್ಲಿ ನಡೆದದ್ದನ್ನು ಹೇಳಲೇಬೇಕು. ಕಣ್ಣು ಕಾಣದ ಒಬ್ಬರು ರಸ್ತೆ ದಾಟಲು ಒದ್ದಾಡುತ್ತಿದ್ದರು. ಕೈಯಲ್ಲಿ ಕೋಲು ಇತ್ತು. ಆದರೆ ಅದು ಕಪ್ಪು ಬಣ್ಣದ್ದು, ಕಾರಿನವರಿಗೆ ಕಾಣುತ್ತಿರಲಿಲ್ಲ. ಇದನ್ನು ಲಯನ್ಸ್ ಸದಸ್ಯರೊಬ್ಬರು ನೋಡಿದರು. ಕ್ಲಬ್ಬಿನವರು ಕೋಲುಗಳಿಗೆ ಬಿಳಿ ಬಣ್ಣ ಬಳಿದು, ಕೆಂಪು ಪಟ್ಟಿ ಹಾಕಿ ಹಂಚಿದರು. ಆ ವರ್ಷವೇ ಬಿಳಿ ಕೋಲು ಹಿಡಿದವರಿಗೆ ದಾರಿ ಬಿಡಬೇಕು ಅಂತ ಊರಿನಲ್ಲಿ ನಿಯಮ ಬಂತು. ಖರ್ಚು ಎಷ್ಟು? ಬಣ್ಣ, ಕುಂಚ, ಒಂದಷ್ಟು ಕೋಲು. ಒಬ್ಬರು ನಿಂತು ನೋಡಿದ್ದರಿಂದ ಆದ ಕೆಲಸ ಅದು.

ದೊಡ್ಡ ಹಣದ ಕಾಲ ನಿಧಾನವಾಗಿ ಬಂತು. 1917ರಲ್ಲಿ ರೋಟರಿ ಅಧ್ಯಕ್ಷ ಆರ್ಚ್ ಕ್ಲಂಫ್ ಒಂದು ಶಾಶ್ವತ ನಿಧಿ ಬೇಕು ಎಂದರು. ಅದಕ್ಕೆ ಬಂದ ಮೊದಲ ದೇಣಿಗೆ 26 ಡಾಲರ್ 50 ಸೆಂಟ್. ಮೂವತ್ತು ವರ್ಷ ಅದು ಕುಂಟುತ್ತಲೇ ಇತ್ತು. 1947ರಲ್ಲಿ ಪಾಲ್ ಹ್ಯಾರಿಸ್ ತೀರಿಕೊಂಡಾಗ ಅವರ ನೆನಪಿಗೆ ಜನ ಕೊಡಲು ಶುರು ಮಾಡಿದರು. 1957ರಿಂದ ಸಾವಿರ ಡಾಲರ್ ಕೊಟ್ಟವರಿಗೆ ಅವರ ಹೆಸರಿನ ಗೌರವ ಸಿಗತೊಡಗಿತು. 1968ರಲ್ಲಿ ಲಯನ್ಸ್ ಕೂಡ ಅಂತಾರಾಷ್ಟ್ರೀಯ ನಿಧಿ ಕಟ್ಟಿತು.

ಆಮೇಲೆ ಪೋಲಿಯೋ. 1979ರಲ್ಲಿ ಫಿಲಿಪ್ಪೀನ್ಸ್‌ನ ಸುಮಾರು 60 ಲಕ್ಷ ಮಕ್ಕಳಿಗೆ ಲಸಿಕೆ ಹಾಕಿಸುವ ರೋಟರಿಯ ಯೋಜನೆ ಶುರುವಾಯಿತು. 1985ರಲ್ಲಿ ಇಡೀ ಜಗತ್ತಿಗೆ ಅಂತ 12 ಕೋಟಿ ಡಾಲರ್ ಗುರಿ ಇಟ್ಟರು. 1988ರ ಹೊತ್ತಿಗೆ ಕೂಡಿದ್ದು 24.7 ಕೋಟಿ. ಆ ವರ್ಷ 125 ದೇಶಗಳಲ್ಲಿ ಸುಮಾರು 3.5 ಲಕ್ಷ ಜನರಿಗೆ ಪೋಲಿಯೋ ತಗಲುತ್ತಿತ್ತು. ಇವತ್ತು ಶೇ. 99ಕ್ಕಿಂತ ಜಾಸ್ತಿ ಕಡಿಮೆಯಾಗಿದೆ. ಸದಸ್ಯರು ಕಾಸು ಕೊಟ್ಟು ಸುಮ್ನೆ ಕೂರಲಿಲ್ಲ. ಲಸಿಕೆಯ ಐಸ್ ಪೆಟ್ಟಿಗೆ ಹೆಗಲಿಗೆ ಹಾಕಿಕೊಂಡು ಬೀದಿ ಬೀದಿ ತಿರುಗಿದರು, ಮಕ್ಕಳ ಬೆರಳಿಗೆ ಗುರುತು ಹಾಕಿದರು. ಹಣ ಮತ್ತು ಕೈ ಎರಡೂ ಒಟ್ಟಿಗೆ ಹೋದ ಕೆಲಸ ಅದು.

ಆದರೆ ಆ ಗೆಲುವಿನ ನಂತರ ಅಳತೆಗೋಲು ಬದಲಾಯಿತು ಅನ್ನಿಸುತ್ತದೆ. ಎಷ್ಟು ಜನ ಬಂದು ದುಡಿದರು ಅನ್ನುವುದಕ್ಕಿಂತ ಎಷ್ಟು ಕೂಡಿತು ಅನ್ನುವುದೇ ವರದಿಯ ಮೊದಲ ಸಾಲಾಯಿತು. ಯಾರೋ ಕೂತು ಹೀಗೆ ಮಾಡಿದ್ದಲ್ಲ. ಹಣ ಎಣಿಸಲು ಸುಲಭ, ಗಂಟೆಗಳನ್ನು ಎಣಿಸುವುದು ಕಷ್ಟ.

ಇಲ್ಲಿಗೆ ದೇಣಿಗೆ ಡಬ್ಬಿಯ ಪ್ರಶ್ನೆ ಬರುತ್ತದೆ. ಲಯನ್ಸ್ ನಿಯಮದಲ್ಲಿ ಇದು ತುಂಬ ಸ್ಪಷ್ಟ. ಸಾರ್ವಜನಿಕರಿಂದ ಎತ್ತಿದ ಹಣ ಸಾರ್ವಜನಿಕರಿಗೇ ಹೋಗಬೇಕು. ಆ ಕಾರ್ಯಕ್ರಮ ನಡೆಸಲು ಆದ ನೇರ ಖರ್ಚನ್ನು ಮಾತ್ರ ಕಳೆಯಬಹುದು. ಕ್ಲಬ್ಬಿನ ಸಭೆ, ಪದಗ್ರಹಣ ಇವಕ್ಕೆಲ್ಲ ಸದಸ್ಯರ ಶುಲ್ಕದಿಂದಲೇ ಕೊಡಬೇಕು. ಅದಕ್ಕೇ ಎರಡು ಖಾತೆ, ಒಂದು ಆಡಳಿತಕ್ಕೆ, ಒಂದು ಸೇವೆಗೆ. ಕೇಳಲು ಸರಳ. ಪಾಲಿಸುವಾಗ ಗೊತ್ತಾಗುತ್ತದೆ.

ನಾನು ಒಂದು ಕ್ಲಬ್ಬಿನಲ್ಲಿ ಎರಡು ವರ್ಷ ಖಜಾಂಚಿಯಾಗಿದ್ದೆ. ಡಬ್ಬಿ ತೆರೆಯುವ ರಾತ್ರಿ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಮೇಜಿನ ಮೇಲೆ ಹಳೇ ಪೇಪರ್ ಹಾಸುತ್ತಿದ್ದೆವು. ಡಬ್ಬಿಯ ಬಾಯಿಗೆ ಅಂಟಿಸಿದ ಸಹಿಯ ಚೀಟಿ ಹರಿದಿಲ್ಲ ಅಂತ ಮೊದಲು ಮೂವರು ನೋಡಬೇಕು. ಆಮೇಲೆ ಸುರಿಯುವುದು. ನೋಟುಗಳು ನಾಲ್ಕು ಮಡಿಕೆಯಾಗಿ ಬಿದ್ದಿರುತ್ತವೆ, ಕೆಲವು ಉಂಡೆ ಕಟ್ಟಿರುತ್ತವೆ. ಒಬ್ಬರು ಬಿಡಿಸಿ ನೀವಿ ಜೋಡಿಸುತ್ತಾರೆ. ಒಬ್ಬರು ಎಣಿಸುತ್ತಾರೆ. ಮೂರನೆಯವರು ಬರೆಯುತ್ತಾರೆ. ಎಣಿಸಿದವರು ಬರೆಯುವ ಹಾಗಿಲ್ಲ. ಚಿಲ್ಲರೆಯನ್ನು ಹತ್ತು ಹತ್ತರಂತೆ ಒಂದರ ಮೇಲೊಂದು ಇಡುತ್ತೇವೆ, ಮೇಜು ಅಲುಗಿದರೆ ಮತ್ತೆ ಮೊದಲಿಂದ. ಆ ರಾಶಿಯಲ್ಲಿ ಸಣ್ಣ ನಾಣ್ಯಗಳೇ ಜಾಸ್ತಿ. ಅವನ್ನು ಹಾಕಿದವರು ನಮ್ಮ ಮುಖ ನೋಡಿ ಹಾಕಿದ್ದಾರೆ, ರಸೀದಿ ಕೂಡ ಕೇಳಿಲ್ಲ.

ಒಂದು ಸಲ ಬ್ಯಾನರಿನ ಬಿಲ್ಲು ಬಾಕಿ ಇತ್ತು. 'ಇದರಿಂದ ಕೊಟ್ಟುಬಿಡೋಣ, ಆಮೇಲೆ ತುಂಬಿಸಿದರಾಯ್ತು, ಹೇಗೂ ನಮ್ಮದೇ ಅಲ್ವಾ' ಅಂದರು. ಕೊಟ್ಟೆವು. ಅದು ವಾಪಸ್ ಬರಲು ಏಳು ತಿಂಗಳು ಹಿಡಿಯಿತು. ಯಾರೂ ಕದ್ದಿರಲಿಲ್ಲ, ಯಾರ ಮನಸ್ಸಿನಲ್ಲೂ ಕೆಟ್ಟದ್ದು ಇರಲಿಲ್ಲ. ನಾನೂ ಬೇಡ ಅನ್ನಲಿಲ್ಲ. ಆದರೆ 'ನಮ್ಮದೇ' ಅನ್ನುವ ಆ ಒಂದು ಮಾತಿನಲ್ಲಿ ಎರಡು ಖಾತೆ ಒಂದಾಗಿತ್ತು. ಈಗ ಡಬ್ಬಿಯ ಜಾಗಕ್ಕೆ ಕ್ಯೂಆರ್ ಕೋಡ್ ಬಂದಿದೆ. ಎಣಿಸುವ ಕಷ್ಟ ತಪ್ಪಿತು. ಕೋಡ್ ಯಾವ ಖಾತೆಗೆ ಜೋಡಿಸಿದೆ ಅನ್ನುವ ಪ್ರಶ್ನೆ ಹಾಗೇ ಇದೆ.

ಸದಸ್ಯರಾಗುವವರು ಯಾರು ಅನ್ನುವುದೂ ಈ ನಡುವೆ ಬದಲಾಯಿತು. ಬಹಳ ಕಾಲ ರೋಟರಿ, ಲಯನ್ಸ್‌ನಲ್ಲಿ ಗಂಡಸರು ಮಾತ್ರ ಇದ್ದರು. ಕ್ಯಾಲಿಫೋರ್ನಿಯಾದ ಡುವಾರ್ಟೆ ಊರಿನ ರೋಟರಿ ಕ್ಲಬ್ಬು ಹೆಂಗಸರನ್ನು ಸೇರಿಸಿಕೊಂಡಿದ್ದಕ್ಕೆ ಮಾನ್ಯತೆ ಕಳೆದುಕೊಂಡಿತು. ವ್ಯಾಜ್ಯ ಅಮೆರಿಕದ ಸುಪ್ರೀಂ ಕೋರ್ಟ್ ತನಕ ಹೋಗಿ, 1987ರ ಮೇ 4ರಂದು ಹೆಂಗಸರ ಪರ ತೀರ್ಪು ಬಂತು. ಅದೇ ವರ್ಷ ಲಯನ್ಸ್ ಕೂಡ ಬಾಗಿಲು ತೆರೆಯಿತು. ನಾನು ಕಂಡ ಮಟ್ಟಿಗೆ ಹೇಳುವುದಾದರೆ, ಕೈ ಹಾಕಿ ಮಾಡುವ ಕೆಲಸಕ್ಕೆ ಮತ್ತೆ ಜೀವ ಬಂದಿದ್ದರಲ್ಲಿ ಅವರ ಪಾಲು ದೊಡ್ಡದು.

ಉಳಿದದ್ದು ವರ್ಷದ ತೊಡಕು. ರೋಟರಿ, ಲಯನ್ಸ್ ಕ್ಲಬ್ಬುಗಳ ವರ್ಷ ಜುಲೈ 1ಕ್ಕೆ ಶುರು, ಜೂನ್ 30ಕ್ಕೆ ಮುಗಿಯಿತು. ಅಧ್ಯಕ್ಷರಿಗೆ ಸಿಗುವುದು ಹನ್ನೆರಡೇ ತಿಂಗಳು. ಮೊದಲ ಎರಡು ತಿಂಗಳು ತಿಳಿದುಕೊಳ್ಳಲು, ಕೊನೆಯ ಎರಡು ವರದಿಗೆ. ನಡುವೆ ಉಳಿದದ್ದರಲ್ಲಿ ಏನು ಮಾಡಲಾದೀತು? ಹಣ ಎತ್ತಿ ಒಂದು ವಸ್ತು ಕೊಡುವುದೇ ಸುಲಭ. ನೀರಿನ ಯಂತ್ರ, ಕಂಪ್ಯೂಟರ್, ಬೆಂಚು. ಕೊಟ್ಟ ದಿನ ಎಲ್ಲ ಚೆನ್ನಾಗಿರುತ್ತದೆ. ಮರುವರ್ಷ ಅದು ಕೆಟ್ಟಾಗ ಕೊಟ್ಟವರ ಅವಧಿ ಮುಗಿದಿರುತ್ತದೆ, ಹೊಸಬರ ಕೈಯಲ್ಲಿ ಹೊಸ ಯೋಜನೆ ಇರುತ್ತದೆ. ಮೇಲಿನವರಿಗೂ ಇದು ಅರಿವಾಯಿತು. 2013ರಿಂದ ರೋಟರಿ ಪ್ರತಿಷ್ಠಾನದ ದೊಡ್ಡ ಅನುದಾನ ಬೇಕಾದರೆ ಯೋಜನೆ ಕನಿಷ್ಠ 30,000 ಡಾಲರಿನದ್ದಿರಬೇಕು, ನಮ್ಮ ಹಣ ಮುಗಿದ ಮೇಲೂ ಕೆಲಸ ಹೇಗೆ ನಿಲ್ಲುತ್ತದೆ ಅಂತ ತೋರಿಸಬೇಕು. ಸಣ್ಣ ಕ್ಲಬ್ಬಿಗೆ ಆ ಅರ್ಜಿಯೇ ಒಂದು ಹೊರೆ. ಆದರೂ ಕೇಳಿದ ಪ್ರಶ್ನೆ ಸರಿಯಾಗಿಯೇ ಇದೆ.

ಒಂದು ಕ್ಲಬ್ಬು ಇದಕ್ಕೆ ತನ್ನದೇ ದಾರಿ ಕಂಡುಕೊಂಡಿದ್ದನ್ನು ನೋಡಿದ್ದೇನೆ. ಅವರು ಒಂದು ಶಾಲೆಗೆ ನೀರು ಶುದ್ಧ ಮಾಡುವ ಯಂತ್ರ ಕೊಟ್ಟರು. ಕೊಡುವಾಗಲೇ ಮೂರು ವರ್ಷದ ಫಿಲ್ಟರಿನ ಹಣ ತೆಗೆದಿಟ್ಟರು. ಮೂರು ತಿಂಗಳಿಗೊಮ್ಮೆ ಇಬ್ಬರು ಸದಸ್ಯರು ಸರದಿ ಮೇಲೆ ಹೋಗಿ ಫಿಲ್ಟರ್ ಬಿಚ್ಚಿ, ತೊಳೆದು ಅಥವಾ ಬದಲಿಸಿ ಬರುತ್ತಾರೆ. ಯಂತ್ರದ ಪಕ್ಕ ಮೊಳೆಗೆ ಒಂದು ನೋಟ್‌ಬುಕ್ ನೇತು ಹಾಕಿದ್ದಾರೆ. ತಾರೀಖು, ಮಾಡಿದ ಕೆಲಸ, ಸಹಿ. ನೀರು ತಾಗಿ ಕೆಲವು ಹಾಳೆಗಳಲ್ಲಿ ಇಂಕು ಹರಡಿದೆ. ಕಳೆದ ಸಲ ನಾನು ತಿರುವಿ ನೋಡಿದಾಗ ಅದರಲ್ಲಿ ನಾಲ್ಕು ಅಧ್ಯಕ್ಷರ ಕಾಲದ ಸಹಿಗಳಿದ್ದವು.