ಪೋಸ್ಟರ್‌ಗೆ ಅರ್ಥವಾಗದ ನಗು

1982ರಲ್ಲಿ ತೆರೆಕಂಡ ‘ದಿ ಸ್ಲಂಬರ್ ಪಾರ್ಟಿ ಮ್ಯಾಸಕರ್’ ಎಂಬ ಅಮೆರಿಕನ್ ಚಿತ್ರದಲ್ಲಿ ಕೊಲೆಗಾರನೊಬ್ಬ ಉದ್ದನೆಯ ಡ್ರಿಲ್ಲಿಂಗ್ ಯಂತ್ರ ಹಿಡಿದು ಮನೆಯ ಸುತ್ತ ತಿರುಗುತ್ತಿರುತ್ತಾನೆ. ಒಳಗೆ ಹೈಸ್ಕೂಲಿನ ಹುಡುಗಿಯರು ಜೀವ ಕೈಯಲ್ಲಿ ಹಿಡಿದು ಕುಳಿತಿದ್ದಾರೆ. ಪಿಜ್ಜಾ ತಂದುಕೊಡಲು ಬಂದಿದ್ದವನು ಆಗಲೇ ಹೆಣವಾಗಿದ್ದಾನೆ. ಆದರೆ ಒಬ್ಬಳಿಗೆ ಹಸಿವು. ಹೆಣದ ಬಳಿಯಿದ್ದ ಡಬ್ಬಿ ತೆರೆದು ಪಿಜ್ಜಾ ತಿನ್ನತೊಡಗುತ್ತಾಳೆ. ತಿಂದ ಮೇಲೆ ತುಸು ಸಮಾಧಾನವಾಯಿತು ಎನ್ನುತ್ತಾಳೆ.

ಈ ಚಿತ್ರಕಥೆ ಬರೆದವರು ಸ್ತ್ರೀವಾದಿ ಕಾದಂಬರಿಕಾರ್ತಿ ರೀಟಾ ಮೇ ಬ್ರೌನ್. ಅವರು ಬರೆದದ್ದು ಅಣಕ. ಕಡಿಮೆ ಖರ್ಚಿನ ಚಿತ್ರಗಳಿಗೆ ಹೆಸರಾದ ರೋಜರ್ ಕಾರ್ಮನ್ ಪಾಳಯದಲ್ಲಿ ಅದು ಬಹುಮಟ್ಟಿಗೆ ನೇರ ರಕ್ತಪಾತದ ಸಿನಿಮಾ ಆಯಿತು. ನಿರ್ದೇಶಕಿ ಏಮಿ ಹೋಲ್ಡನ್ ಜೋನ್ಸ್ ಇದಕ್ಕಾಗಿ ಸ್ಪೀಲ್‌ಬರ್ಗ್ ಅವರ ‘ಇ.ಟಿ.’ ಚಿತ್ರದ ಸಂಕಲನದ ಕೆಲಸವನ್ನೇ ಬಿಟ್ಟು ಬಂದಿದ್ದರು. ಕೊನೆಯಲ್ಲಿ ಹುಡುಗಿಯೊಬ್ಬಳು ಮಚ್ಚಿನಿಂದ ಆ ಡ್ರಿಲ್ಲಿನ ತುದಿಯನ್ನೇ ಕತ್ತರಿಸಿ ಹಾಕುತ್ತಾಳೆ. ಏನನ್ನು ಕತ್ತರಿಸಿದಳೆಂದು ವಿವರಿಸುವ ಅಗತ್ಯವಿಲ್ಲ. ಪೋಸ್ಟರ್‌ನಲ್ಲಿ ಮಾತ್ರ ಗಂಡಸಿನ ಅಗಲಿಸಿದ ಕಾಲುಗಳು, ನಡುವೆ ಇಳಿಬಿದ್ದ ಡ್ರಿಲ್, ಅದರ ಕೆಳಗೆ ಬೆದರಿದ ಹುಡುಗಿಯರು. ಚಿತ್ರ ಯಾವುದನ್ನು ಗೇಲಿ ಮಾಡಿತ್ತೋ ಅದನ್ನೇ ಪೋಸ್ಟರ್ ಮಾರಿತು.

ಹೆಣ್ಣುಮಕ್ಕಳು ಬರೆದ ನಗು ಒಂದು, ಅಂಗಡಿಯವರು ಮಾರಿದ ಸರಕು ಇನ್ನೊಂದು. ಹದಿಹರೆಯದವರ ಹಾರರ್ ಚಿತ್ರಗಳಲ್ಲಿನ ಸ್ತ್ರೀವಾದಿ ವಿಡಂಬನೆಯ ಕಥೆ ಬಹುಪಾಲು ಈ ಎರಡರ ಜಗಳದ ಕಥೆ.

ಇದರ ಬೇರು 1974ರ ಕೆನಡಾದ ‘ಬ್ಲ್ಯಾಕ್ ಕ್ರಿಸ್ಮಸ್’ನಲ್ಲಿ ಸಿಗುತ್ತದೆ. ಕಾಲೇಜು ಹುಡುಗಿಯರ ವಸತಿಗೃಹಕ್ಕೆ ಹೊಲಸು ಫೋನ್ ಕರೆಗಳು ಬರುತ್ತಿವೆ, ಪೊಲೀಸರಿಗೆ ಅದು ಹುಡುಗಾಟ. ಮಾರ್ಗೊ ಕಿಡ್ಡರ್ ನಟಿಸಿದ ಬಾಯಿಬಡುಕ ಹುಡುಗಿ ಠಾಣೆಯಲ್ಲಿ ತಮ್ಮ ಫೋನ್ ನಂಬರ್ ಹೇಳುವಾಗ ಎಕ್ಸ್‌ಚೇಂಜಿನ ಹೆಸರೆಂದು ಒಂದು ಅಶ್ಲೀಲ ಪದ ಸೇರಿಸುತ್ತಾಳೆ. ಪೊಲೀಸಪ್ಪ ಅದನ್ನು ಶ್ರದ್ಧೆಯಿಂದ ಬರೆದುಕೊಳ್ಳುತ್ತಾನೆ. ಕಥಾನಾಯಕಿ ಗರ್ಭಿಣಿ, ಗರ್ಭಪಾತ ಮಾಡಿಸಿಕೊಳ್ಳುತ್ತೇನೆಂದು ಪ್ರಿಯಕರನಿಗೆ ಕಡ್ಡಿ ಮುರಿದಂತೆ ಹೇಳುತ್ತಾಳೆ. ಎರಡು ವರ್ಷಗಳ ನಂತರ ಬಂದ ‘ಕ್ಯಾರಿ’ಯಲ್ಲಿ, ಶಾಲೆಯ ಸ್ನಾನದ ಕೋಣೆಯಲ್ಲಿ ಮೊದಲ ಬಾರಿ ಮುಟ್ಟಾದ ಹುಡುಗಿಯನ್ನು ಸಹಪಾಠಿಗಳು ಕಿರುಚಿ ಅವಮಾನಿಸುತ್ತಾರೆ. ಅಲ್ಲಿ ನಗು ಇದೆ, ಆದರೆ ಅದು ಅವಳ ಮೇಲಿನ ನಗು.

1978ರ ‘ಹ್ಯಾಲೋವೀನ್’ ಗೆದ್ದ ಮೇಲೆ ಒಂದು ಅಚ್ಚು ಸಿದ್ಧವಾಯಿತು: ಪ್ರೇಮ-ಕಾಮಕ್ಕೆ ಇಳಿದ ಹುಡುಗಿ ಸಾಯುತ್ತಾಳೆ, ಓದಿನ ಹುಡುಗಿ ಉಳಿಯುತ್ತಾಳೆ. ಉಳಿದವಳಿಗೆ ವಿದ್ವಾಂಸೆ ಕ್ಯಾರಲ್ ಕ್ಲೋವರ್ 1987ರ ಲೇಖನದಲ್ಲಿ ‘ಫೈನಲ್ ಗರ್ಲ್’ ಎಂದು ಹೆಸರಿಟ್ಟರು. 1996ರ ‘ಸ್ಕ್ರೀಮ್’ ಈ ನಿಯಮವನ್ನು ಪಾತ್ರಗಳ ಬಾಯಲ್ಲೇ ಹೇಳಿಸಿ, ಆಮೇಲೆ ನಾಯಕಿಯಿಂದ ಮುರಿಸಿತು. ಅದು ಜಾಣ ಚಿತ್ರ, ಒಪ್ಪಿದೆ. ಆದರೆ ಅದರ ಜಾಣತನವೆಲ್ಲ ಸಿನಿಮಾ ಕುರಿತದ್ದು, ಹುಡುಗಿಯರ ಬದುಕು ಕುರಿತದ್ದಲ್ಲ.

ಆ ಬದುಕನ್ನು ಹಿಡಿದದ್ದು 2000ದ ‘ಜಿಂಜರ್ ಸ್ನ್ಯಾಪ್ಸ್’. ಹಾರರ್ ಚಿತ್ರಗಳು ಹೆಣ್ಣನ್ನು ಕೀಳಾಗಿಸುತ್ತವೆಂದು ಲೇಖಕಿ ಕ್ಯಾರೆನ್ ವಾಲ್ಟನ್ ಮೊದಲು ಹಿಂಜರಿದಿದ್ದರು. ನಿರ್ದೇಶಕ ಜಾನ್ ಫಾಸೆಟ್ ಪಟ್ಟು ಹಿಡಿದು ಒಪ್ಪಿಸಿದರು. ಅಕ್ಕನಿಗೆ ಮುಟ್ಟು ಶುರುವಾದ ರಾತ್ರಿಯೇ ತೋಳಮಾನವ ಕಚ್ಚುತ್ತಾನೆ. ಅಕ್ಕ-ತಂಗಿ ಶಾಲೆಯ ನರ್ಸ್ ಬಳಿ ಹೋಗಿ ನೋವು, ರಕ್ತಸ್ರಾವ, ಎಲ್ಲೆಲ್ಲೋ ಹುಟ್ಟುತ್ತಿರುವ ಕೂದಲು ಎಂದು ಹೇಳಿಕೊಂಡರೆ, ಆಕೆ ಎಲ್ಲದಕ್ಕೂ ಹಸನ್ಮುಖದಿಂದ ‘ಇವೆಲ್ಲ ಸಹಜ’ ಎನ್ನುತ್ತಾಳೆ. ಹುಡುಗಿ ಮೃಗವಾಗುತ್ತಿದ್ದಾಳೆ, ವೈದ್ಯಕೀಯಕ್ಕೆ ಅದು ಮಾಮೂಲು. ಹೆಣ್ಣಿನ ನೋವನ್ನು ಕೇಳಿಸಿಕೊಳ್ಳದ ಕಿವಿಯ ಮೇಲೆ ಇಷ್ಟು ಚುರುಕಾದ ಏಟನ್ನು ನಾನು ಬೇರೆ ಚಿತ್ರದಲ್ಲಿ ಕಂಡಿಲ್ಲ.

ಏಳು ವರ್ಷಗಳ ನಂತರದ ‘ಟೀತ್’ ಗುರಿಯಿಟ್ಟದ್ದು, ಮದುವೆಯವರೆಗೆ ಸಂಯಮ ಎಂಬುದನ್ನಷ್ಟೇ ಲೈಂಗಿಕ ಶಿಕ್ಷಣವೆಂದು ಕಲಿಸುತ್ತಿದ್ದ ಬುಷ್ ಕಾಲದ ಅಮೆರಿಕಕ್ಕೆ. ಅದರ ಪಠ್ಯಪುಸ್ತಕದಲ್ಲಿ ಗಂಡಿನ ಅಂಗದ ಚಿತ್ರ ತೆರೆದೇ ಇದೆ. ಹೆಣ್ಣಿನದರ ಮೇಲೆ ದೊಡ್ಡ ಸ್ಟಿಕ್ಕರ್ ಅಂಟಿಸಿದ್ದಾರೆ. ನಾಯಕಿ ಅದನ್ನು ನೀರಿನಲ್ಲಿ ನೆನೆಸಿ ಕಿತ್ತು, ತನ್ನ ದೇಹವನ್ನು ಮೊದಲ ಸಲ ಪುಸ್ತಕದಲ್ಲಿ ನೋಡುತ್ತಾಳೆ.

ಇನ್ನು 2009ರ ‘ಜೆನಿಫರ್ಸ್ ಬಾಡಿ’. ಲೇಖಕಿ ಡಿಯಾಬ್ಲೊ ಕೋಡಿ ಅದಾಗಲೇ ‘ಜೂನೊ’ ಚಿತ್ರಕಥೆಗೆ ಆಸ್ಕರ್ ಪಡೆದಿದ್ದರು; ನಿರ್ದೇಶನ ಕ್ಯಾರಿನ್ ಕುಸಾಮಾ ಅವರದು. ಖ್ಯಾತಿಗೆ ಹಪಹಪಿಸುವ ಸಂಗೀತ ತಂಡವೊಂದು ಸಣ್ಣ ಊರಿನ ಹುಡುಗಿ ಜೆನಿಫರ್‌ಳನ್ನು ವ್ಯಾನಿಗೆ ಹತ್ತಿಸಿಕೊಳ್ಳುತ್ತದೆ. ಸೈತಾನನಿಗೆ ಕನ್ಯೆಯನ್ನು ಬಲಿ ಕೊಟ್ಟರೆ ಹೆಸರು ಬರುತ್ತದೆಂಬ ಲೆಕ್ಕಾಚಾರ. ನೀನು ಕನ್ಯೆಯೇ ಎಂದು ಕೇಳಿದಾಗ ಆಕೆ, ಹೌದು, ನನಗೆ ಏನೂ ಬರುವುದಿಲ್ಲ, ಬೇರೆ ಯಾರನ್ನಾದರೂ ನೋಡಿಕೊಳ್ಳಿ ಎಂದು ಸುಳ್ಳು ಹೇಳುತ್ತಾಳೆ. ಅತ್ಯಾಚಾರದಿಂದ ಪಾರಾಗಲು ಹೇಳಿದ ಸುಳ್ಳೇ ಅವಳನ್ನು ಬಲಿಗಂಬಕ್ಕೆ ಕಟ್ಟುತ್ತದೆ. ಚಾಕು ಎತ್ತುವ ಮುನ್ನ ಆ ಗಂಡಸರು ‘ಜೆನ್ನಿ’ ಹೆಸರಿನ ಹಳೆಯ ಪಾಪ್ ಹಾಡನ್ನು ಮೋಜಿನಿಂದ ಹಾಡುತ್ತಾರೆ. ಪ್ರೇಕ್ಷಕನಿಗೆ ನಗು ಬಂದೂ ಬಿಡುತ್ತದೆ, ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ. ಆಮೇಲೆ ಅದೇ ತಂಡ, ಆ ರಾತ್ರಿ ಊರಿನ ಬಾರಿಗೆ ಬಿದ್ದ ಬೆಂಕಿಯಲ್ಲಿ ಸತ್ತವರಿಗಾಗಿ ಶೋಕಗೀತೆ ಹಾಡಿದ ವೀರರ ತಂಡವಾಗುತ್ತದೆ. ಸಂತ್ರಸ್ತ ಕುಟುಂಬಗಳಿಗೆ ಹಾಡಿನ ಲಾಭದ ಶೇ 3ರಷ್ಟನ್ನು ಕೊಡುವ ಔದಾರ್ಯ ಬೇರೆ.

ಬಲಿ ಕೆಟ್ಟು ಜೆನಿಫರ್ ರಾಕ್ಷಸಿಯಾಗಿ ಹಿಂದಿರುಗಿ ಹುಡುಗರನ್ನು ತಿನ್ನುತ್ತಾಳೆ. ಪ್ರಚಾರ ವಿಭಾಗಕ್ಕೆ ಇದರಲ್ಲಿ ಕಂಡದ್ದು ನಾಯಕಿ ಮೇಗನ್ ಫಾಕ್ಸ್‌ರ ಮೈಮಾಟ ಮಾತ್ರ. ಪೋಸ್ಟರ್‌ನಲ್ಲಿ ಗಿಡ್ಡ ಲಂಗ ತೊಟ್ಟು ಡೆಸ್ಕಿನ ಮೇಲೆ ಕುಳಿತ ಹುಡುಗಿ. ಚಿತ್ರವನ್ನು ಎಳೆಯ ಗಂಡಸರಿಗೆಂದೇ ಮಾರಲಾಯಿತೆಂದು ಕುಸಾಮಾ ಮತ್ತು ಕೋಡಿ ಆಮೇಲೆ ಅನೇಕ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಬಂದ ಹುಡುಗರಿಗೆ ಬೇಕಾದದ್ದು ಸಿಗಲಿಲ್ಲ, ಬೇಕಾಗಿದ್ದ ಹುಡುಗಿಯರು ಬರಲೇ ಇಲ್ಲ. 1 ಕೋಟಿ 60 ಲಕ್ಷ ಡಾಲರ್ ವೆಚ್ಚದ ಚಿತ್ರ ಜಗತ್ತಿನಾದ್ಯಂತ ಗಳಿಸಿದ್ದು ಸುಮಾರು 3 ಕೋಟಿ 15 ಲಕ್ಷ. ವಿಮರ್ಶಕರಲ್ಲಿ ಬಹಳಷ್ಟು ಮಂದಿ ಸಿನಿಮಾ ಬಿಟ್ಟು ನಟಿಯನ್ನು ವಿಮರ್ಶಿಸಿದರು.

2017ರ ಅಕ್ಟೋಬರ್‌ನಲ್ಲಿ ‘ಮೀ ಟೂ’ ಹೊತ್ತಿಕೊಂಡ ಮೇಲೆ ಅದೇ ದೃಶ್ಯಗಳು ಬೇರೆಯಾಗಿ ಕಂಡವು. ಪ್ರಭಾವಿ ಗಂಡಸರು, ಅವರ ಏಳಿಗೆಗೆ ಒಬ್ಬ ಹುಡುಗಿಯ ದೇಹ, ಸುತ್ತ ಚಪ್ಪಾಳೆ: ಎಂಟು ವರ್ಷಗಳ ಹಿಂದೆ ಉತ್ಪ್ರೇಕ್ಷೆ ಎನಿಸಿದ್ದು ವರದಿಯಂತೆ ಕೇಳತೊಡಗಿತು. 2018ರ ಹೊತ್ತಿಗೆ ಲೇಖನಗಳ ಸಾಲೇ ಬಂತು. ಅದೇ ವರ್ಷ ಹಿಂದಿಯ ‘ಸ್ತ್ರೀ’ ಬಂದದ್ದು ಕಾಕತಾಳೀಯ. ತೊಂಬತ್ತರ ದಶಕದ ಬೆಂಗಳೂರಿನ ಬಾಗಿಲುಗಳ ಮೇಲೆ ‘ನಾಳೆ ಬಾ’ ಬರೆಸಿದ ವದಂತಿಯ ಎಳೆ ಹಿಡಿದ ಆ ಚಿತ್ರದಲ್ಲಿ ಕತ್ತಲಾದ ಮೇಲೆ ಹೊರಗೆ ಕಾಲಿಡಲು ಹೆದರುವವರು ಗಂಡಸರು. ಹದಿಹರೆಯದ ಚಿತ್ರವಲ್ಲದಿದ್ದರೂ ವಿಡಂಬನೆಯ ಜಾತಿ ಒಂದೇ.

2021ರಲ್ಲಿ ‘ಸ್ಲಂಬರ್ ಪಾರ್ಟಿ’ಯ ಮರುಸೃಷ್ಟಿಯನ್ನು ಡ್ಯಾನಿಷ್ಕಾ ಎಸ್ಟರ್‌ಹೇಜಿ ನಿರ್ದೇಶಿಸಿದರು. ಇಲ್ಲಿ ದಿಂಬು ಎರಚಾಡುತ್ತ ಕುಣಿಯುವವರು ಹುಡುಗರು. ಕ್ಯಾಮೆರಾ ಅವರ ಮೈಮೇಲೆ ಹರಿದಾಡುತ್ತದೆ. 1982ರ ಅಣಕ ಅಣಕವಾಗಿಯೇ ಪರದೆಗೆ ಬರಲು ಸುಮಾರು ನಾಲ್ಕು ದಶಕ ಹಿಡಿಯಿತು. ಕೋಡಿ 2024ರಲ್ಲಿ ‘ಲೀಸಾ ಫ್ರಾಂಕೆನ್‌ಸ್ಟೈನ್’ ಬರೆದರು, ಜೆಲ್ಡಾ ವಿಲಿಯಮ್ಸ್ ನಿರ್ದೇಶಿಸಿದರು. ಈ ಸಲ ಯಾವ ಮುಚ್ಚುಮರೆಯೂ ಇಲ್ಲದೆ ಹುಡುಗಿಯರ ಹಾರರ್ ಹಾಸ್ಯವೆಂದೇ ಮಾರಿದರು. ಆದರೂ ಚಿತ್ರ ಹಾಕಿದ ದುಡ್ಡನ್ನು ಚಿತ್ರಮಂದಿರಗಳಲ್ಲಿ ಹಿಂದಕ್ಕೆ ತರಲಿಲ್ಲ. ಈ ಬಾರಿ ಪೋಸ್ಟರನ್ನು ದೂರುವಂತೆಯೂ ಇರಲಿಲ್ಲ.